ಆರನೇ ಪುಟದ ದಂಪತಿ ಸನ್ಮಾನ

2023ರ ಡಿಸೆಂಬರ್ 10ರ ಭಾನುವಾರ ಸಂಜೆ ಘಾಟ್ಕೋಪರ್‌ನ ಒಂದು ಸಭಾಗೃಹದಲ್ಲಿ ಕಬಡ್ಡಿ ಆಟಗಾರ ಸಂಗಮೇಶ ಮತ್ತು ಅವನ ಹೆಂಡತಿ ಕಸ್ತೂರಿಯನ್ನು ಒಂದು ಕನ್ನಡ ಸಂಘ ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನಿಸಿತು. ಮಂಗಳವಾರ, ಡಿಸೆಂಬರ್ 12ರಂದು, ಅದರ ಫೋಟೋ ನಮ್ಮ ಪತ್ರಿಕೆಯ ಆರನೇ ಪುಟದಲ್ಲಿ ಮೂರು ಕಾಲಂ ಅಗಲಕ್ಕೆ ಅಚ್ಚಾಯಿತು. ಆ ಪುಟ ಕಟ್ಟಿದ್ದು ನಾನು.

ಆಗ ನಾನು ಮುಂಬಯಿಯ ಒಂದು ಕನ್ನಡ ದಿನಪತ್ರಿಕೆಯಲ್ಲಿ ಕ್ರೀಡೆ ಮತ್ತು ಸಂಘ-ಸಂಸ್ಥೆಗಳ ಪುಟಗಳ ಮುಖ್ಯ ಉಪಸಂಪಾದಕ. ಅಂಧೇರಿಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ನಮ್ಮ ಆಫೀಸು. ಈ ಊರಿನ ಕನ್ನಡ ಸಂಘಗಳಲ್ಲಿ ಮದುವೆಯಾದವರನ್ನು ಒಬ್ಬರನ್ನೇ ಕೂರಿಸಿ ಸನ್ಮಾನ ಮಾಡುವ ರೂಢಿಯಿಲ್ಲ. ಎರಡು ಕುರ್ಚಿ ಹಾಕುತ್ತಾರೆ. ಹೆಂಡತಿ ಬಂದಿಲ್ಲವೆಂದರೆ ಮೈಕಿನಲ್ಲೇ ‘ಮಿಸೆಸ್ ಎಲ್ಲಿ?’ ಎಂದು ಕೇಳುತ್ತಾರೆ. ವಾರಕ್ಕೆ ಇಂಥ ಹತ್ತಾರು ಫೋಟೋಗಳು ನನ್ನ ಕಂಪ್ಯೂಟರಿಗೆ ಬರುತ್ತಿದ್ದವು. ನಾನು ಕ್ರಾಪ್ ಮಾಡಿ, ಎಂದರೆ ಬೇಡದ ಭಾಗ ಕತ್ತರಿಸಿ, ಅಡಿಬರಹ ಹಾಕಿ ಪುಟಕ್ಕೆ ಕೂರಿಸುತ್ತಿದ್ದೆ.

ಸಂಗಮೇಶ ವಿಜಯಪುರ ಜಿಲ್ಲೆಯ ಹುಡುಗ. ಒಂದು ಖಾಸಗಿ ಕಂಪನಿಯ ಕಬಡ್ಡಿ ತಂಡದ ರೈಡರ್. ಎದುರಾಳಿಗಳ ಅಂಕಣಕ್ಕೆ ಒಬ್ಬನೇ ನುಗ್ಗಿ, ಮುಟ್ಟಿ ಬರುವವನು. ಕಂಪನಿ ಅವನಿಗೆ ಕೆಲಸವನ್ನೂ ಭಾಂಡುಪ್‌ನಲ್ಲಿ ಎರಡು ಕೋಣೆಯ ಕ್ವಾರ್ಟರ್ಸನ್ನೂ ಕೊಟ್ಟಿತ್ತು. 2022ರ ಅಕ್ಟೋಬರ್‌ನಲ್ಲಿ ಅವನ ಹೊಡೆತಕ್ಕೆ ಕಸ್ತೂರಿಯ ಎಡಗಿವಿಯ ತಮಟೆ ಹರಿಯಿತು. ಅವಳು ಪೊಲೀಸರಿಗೆ ದೂರು ಕೊಟ್ಟಳು. ಅವನ ಬಂಧನವಾಯಿತು, ಜಾಮೀನಾಯಿತು. ತಂಡ ಅವನನ್ನು ಅಮಾನತು ಮಾಡಿ, ವಿಚಾರಣೆಗೆ ಆಂತರಿಕ ಸಮಿತಿ ಮಾಡಿದ್ದೇವೆ ಎಂದು ಪ್ರಕಟಣೆ ಕಳಿಸಿತು. ನಾವು ಮೂರನೇ ಪುಟದಲ್ಲಿ ಹೆಸರಿಲ್ಲದೆ ‘ಕಬಡ್ಡಿ ಆಟಗಾರನ ಬಂಧನ’ ಎಂದು ಹಾಕಿದೆವು. ಅಪರಾಧ ಸುದ್ದಿ ಮೂರನೇ ಪುಟಕ್ಕೆ, ಆಟ ಎಂಟನೇ ಪುಟಕ್ಕೆ. ಎರಡೂ ಪುಟಗಳಲ್ಲಿ ಇರುವವನು ಒಬ್ಬನೇ ಎಂದು ಓದುಗರಿಗೆ ತಿಳಿಯದಂತೆ ನೋಡಿಕೊಂಡವರು ನಾವೇ.

ಮುಂದಿನ ಎಂಟು ತಿಂಗಳು ತಂಡ ಸೋಲುತ್ತಲೇ ಹೋಯಿತು. 2023ರ ಜೂನ್‌ನಲ್ಲಿ ಅಮಾನತು ರದ್ದಾಯಿತು. ಸಮಿತಿ ಏನು ಕಂಡಿತೆಂದು ಪ್ರಕಟಣೆಯಲ್ಲಿ ಒಂದು ಸಾಲೂ ಇರಲಿಲ್ಲ. ‘ಪ್ರತಿಯೊಬ್ಬರೂ ಎರಡನೇ ಅವಕಾಶಕ್ಕೆ ಅರ್ಹರು’ ಎಂಬ ವಾಕ್ಯವಿತ್ತು. ಅದನ್ನೇ ಎತ್ತಿಕೊಂಡು ನಾನು ತಲೆಬರಹ ಮಾಡಿದೆ: ‘ಎರಡನೇ ಅವಕಾಶ: ಅಂಗಳಕ್ಕೆ ಮರಳಿದ ಸಂಗಮೇಶ’. ನನ್ನ ವರದಿಯಲ್ಲಿ ಅವನ ಹಿಂದಿನ ಸಾಧನೆಗಳೆಲ್ಲ ಇದ್ದವು. ಅಮಾನತು ಯಾಕಾಗಿತ್ತು ಎಂಬುದು ಇರಲಿಲ್ಲ. ಮೊಣಕಾಲು ಮುರಿದುಕೊಂಡು ಮರಳಿದ ಆಟಗಾರರ ಬಗ್ಗೆ ಇಂಥ ತಲೆಬರಹವನ್ನು ಎಷ್ಟೋ ಸಲ ಕೊಟ್ಟಿದ್ದೇನೆ. ಇಲ್ಲಿ ಪೆಟ್ಟು ಬಿದ್ದದ್ದು ಅವನ ಮೈಗಲ್ಲ ಎಂಬುದನ್ನು ಯೋಚಿಸಲಿಲ್ಲ.

ಇದಕ್ಕೂ ಮೊದಲು, ಮೇ ತಿಂಗಳಲ್ಲಿ, ತಂಡದ ಮ್ಯಾನೇಜರ್ ಸಾವಂತ್ ಇಬ್ಬರು ಹಿರಿಯರನ್ನು ಜೊತೆಗಿಟ್ಟುಕೊಂಡು ದೂರಿನ ನಂತರ ಕಸ್ತೂರಿ ಸೇರಿದ್ದ ತವರಿಗೆ ಹೋಗಿದ್ದರು. ಇನ್ನು ಮುಂದೆ ಹೀಗಾಗುವುದಿಲ್ಲ, ಕಂಪನಿಯೇ ಜವಾಬ್ದಾರಿ ಎಂದು ಮಾತು ಕೊಟ್ಟು ಅವಳನ್ನೂ ಮಗಳನ್ನೂ ಭಾಂಡುಪ್‌ಗೆ ಕರೆತಂದಿದ್ದರು. ಮಗಳಿಗೆ ಆಗ ನಾಲ್ಕು ವರ್ಷ. ಸಂಸಾರ ಸರಿಹೋಗಿದೆ ಎಂದು ತೋರಿಸದೆ ಅವನನ್ನು ಅಂಗಳಕ್ಕೆ ಇಳಿಸುವುದು ಕಷ್ಟವಿತ್ತು. ಇಳಿದ ಮೇಲೂ ಪಂದ್ಯಗಳಲ್ಲಿ ಎದುರಾಳಿ ತಂಡದ ಬೆಂಬಲಿಗರು ‘ಏ ಜೈಲ್ ರೈಡರ್, ಘರ್ ಪೆ ಕಿತ್ನಾ ಪಾಯಿಂಟ್?’ ಎಂದು, ಮನೆಯಲ್ಲಿ ಎಷ್ಟು ಅಂಕ ಗಳಿಸಿದೆ ಎಂದು ಕೂಗುತ್ತಿದ್ದರು. ಡಿಸೆಂಬರ್ ಮೊದಲ ವಾರ ತಂಡ ಅವನನ್ನು ಕ್ಯಾಪ್ಟನ್ ಮಾಡಿತು. ಸಂಘ ಸನ್ಮಾನ ಗೊತ್ತುಮಾಡಿತು. ಎರಡು ಕುರ್ಚಿ ಹಾಕಿತು.

ಸೋಮವಾರ ನಮ್ಮ ಫೋಟೋಗ್ರಾಫರ್ ದಿನೇಶ್ ಕಳಿಸಿದ ಫೋಟೋದಲ್ಲಿ ಕಸ್ತೂರಿಯ ಮಡಿಲ ಮೇಲೆ, ಸೆರಗಿನ ಕೆಳಗಿನಿಂದ, ಬಿಳಿಯದೊಂದು ಇಣುಕುತ್ತಿತ್ತು. ಅದರ ತುದಿಯಲ್ಲಿ ಬಾತುಕೊಂಡ ನಾಲ್ಕು ಬೆರಳು.

“ಇದೇನು ದಿನೇಶ್?” ಎಂದೆ.

“ಪ್ಲಾಸ್ಟರ್ ಅಲ್ವಾ ಸರ್. ಬಾತ್‌ರೂಮಿನಲ್ಲಿ ಜಾರಿದ್ದಂತೆ. ಮ್ಯಾನೇಜರ್ ಹೇಳಿದ್ರು.”

ಸನ್ಮಾನದ ಫೋಟೋದಲ್ಲಿ ಆ ಬಿಳಿ ಚೆಂದವಲ್ಲ ಎನಿಸಿತು. ಇಬ್ಬರ ಎದೆಯಿಂದ ಮೇಲಕ್ಕೆ ಕ್ರಾಪ್ ಮಾಡಿದೆ. ಅಡಿಬರಹದಲ್ಲಿ ‘ಪತ್ನಿ ಕಸ್ತೂರಿಯೊಂದಿಗೆ ಸಂತಸದ ಕ್ಷಣ’ ಎಂದು ಬರೆದೆ. ಹದಿನಾಲ್ಕು ತಿಂಗಳ ಹಿಂದೆ ಇದೇ ಹೆಂಗಸು ಇದೇ ಗಂಡನ ಮೇಲೆ ದೂರು ಕೊಟ್ಟಿದ್ದಳೆಂದು ನನಗೆ ಗೊತ್ತಿತ್ತು. ಆ ಸುದ್ದಿಯ ಕರಡು ತಿದ್ದಿದ್ದೂ ನಾನೇ. ಬಾತ್‌ರೂಮಿನ ಕಥೆಯನ್ನು ನಂಬಿದೆ ಎಂದರೆ ಸುಳ್ಳಾದೀತು. ನಂಬಬೇಕೋ ಬೇಡವೋ ಎಂದು ಕೇಳಿಕೊಳ್ಳಲೇ ಇಲ್ಲ. ಪುಟ ಬಿಡುವ ಹೊತ್ತಾಗಿತ್ತು.

2024ರ ಫೆಬ್ರವರಿ ಕೊನೆಯ ವಾರ, ಒಂದು ಮಧ್ಯಾಹ್ನ, ಕಸ್ತೂರಿ ನಮ್ಮ ಆಫೀಸಿಗೆ ಬಂದಳು. ಘಾಟ್ಕೋಪರ್‌ನ ಚಾಳಿನಲ್ಲಿ, ಒಂದೊಂದೇ ಕೋಣೆಯ ಸಾಲುಮನೆಗಳಲ್ಲಿ, ಇದ್ದ ಅಕ್ಕನ ಮನೆಯಿಂದ ಮೆಟ್ರೋದಲ್ಲಿ ಬಂದಿದ್ದಳು. ಮಗಳ ಶಾಲೆ ಬಿಡುವುದರೊಳಗೆ ವಾಪಸು ಹೋಗಬೇಕು ಎಂದಳು. ಪ್ಲಾಸ್ಟಿಕ್ ಫೋಲ್ಡರಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ನಮ್ಮ ಆರನೇ ಪುಟದ ಜೆರಾಕ್ಸ್.

“ಈ ಫೋಟೋ ನೀವ ಹಾಕೀರಿ?”

“ಹೌದು.”

“ಇದರ ಕೆಳಗ ಏನಿತ್ತು, ನೆನಪೈತ್ರಿ?”

ನೆನಪಿತ್ತು.

“ನನ್ನ ಕೈ ಇತ್ರಿ. ಅದು ನಿಮ್ಮ ಆಫೀಸಿನ್ಯಾಗ ಉಳದೈತಿ. ಕೊಡ್ರಿ ಅದನ್ನ.”

ನಡೆದದ್ದನ್ನು ಅವಳು ಕ್ರಮವಾಗಿ ಹೇಳಿದಳು. ನಾನು ವರದಿಗಾರನ ಅಭ್ಯಾಸದಂತೆ ಬರೆದುಕೊಂಡೆ. ಸನ್ಮಾನಕ್ಕೆ ಮೂರು ದಿನ ಮೊದಲು, ಗುರುವಾರ ಸಂಜೆ, ಸಂಗಮೇಶ ಅವಳ ಎಡ ಮುಂಗೈ ತಿರುಚಿ ಮುರಿದ. ಸಾವಂತ್‌ಗೆ ಫೋನ್ ಮಾಡಿದವನೂ ಅವನೇ. ಸಾವಂತ್ ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲಿಲ್ಲ, ತಂಡದ ತರಬೇತಿ ಕೋಣೆಗೆ ಕರೆದೊಯ್ದರು. ಆಟಗಾರರ ಕೀಲು-ಸ್ನಾಯು ನೋಡಿಕೊಳ್ಳುವ ಫಿಸಿಯೋ ಅಲ್ಲಿಯೇ ಅವಳ ಕೈಗೆ ಅರ್ಧ ಪ್ಲಾಸ್ಟರ್ ಕಟ್ಟಿದ. ಚೀಟಿ ಇಲ್ಲ, ಎಕ್ಸ್-ರೇ ಇಲ್ಲ, ರಿಜಿಸ್ಟರಿನಲ್ಲಿ ಹೆಸರಿಲ್ಲ.

“ಫಂಕ್ಷನ್ನಿಗೆ ಒಲ್ಲೆ ಅಂದೆ. ಸಾವಂತ್ ಸಾಹೇಬ್ರು ‘ದೋ ಮಿನಿಟ್ ಬೈಠ್ನಾ ಹೈ ಬೇಟಾ, ಊಪರ್ ಪಲ್ಲೂ ಡಾಲ್ ದೋ’ ಅಂದ್ರು. ಎರಡ ನಿಮಿಷ ಅಂತ. ಸೆರಗ ಹಾಕ್ಕೊಂಡ ಕುಂತೆ.”

ಸೋಮವಾರ ಮಧ್ಯಾಹ್ನ ಅವನು ಪ್ರಾಕ್ಟೀಸಿಗೆ ಹೋದಾಗ ಮಗಳನ್ನು ಎತ್ತಿಕೊಂಡು ಅಕ್ಕನ ಮನೆಗೆ ಬಂದಳು. ಮಂಗಳವಾರ ಪಾಲಿಕೆ ಆಸ್ಪತ್ರೆಯಲ್ಲಿ ಎಕ್ಸ್-ರೇ ಆಯಿತು. ಮುರಿತಕ್ಕೆ ಇದ್ದ ಮೊದಲ ದಾಖಲೆ ಅದೊಂದೇ. ಜನವರಿಯಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆಯಡಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿದಳು. ಕೇಳಿದ್ದು ರಕ್ಷಣಾ ಆದೇಶ: ತಾನಿರುವ ಮನೆಗಾಗಲಿ ಮಗಳ ಶಾಲೆಗಾಗಲಿ ಅವನು ಹತ್ತಿರ ಬರಬಾರದು. ಅಷ್ಟರೊಳಗೆ ಅವನು ಎರಡು ಸಲ ಶಾಲೆಯ ಗೇಟಿನ ಬಳಿ ಬಂದು ನಿಂತಿದ್ದ. ಎರಡನೆಯ ಸಲ ಮಗುವಿನ ಕೈ ಹಿಡಿದು ಸ್ಟೇಷನ್ ರಸ್ತೆಯವರೆಗೆ ಕರೆದೊಯ್ದಿದ್ದ.

ಕೋರ್ಟಿಗೆ ಅವನ ವಕೀಲರು ಕೊಟ್ಟ ಉತ್ತರ ಇಷ್ಟು: ಗುರುವಾರ ಏನೂ ನಡೆದಿಲ್ಲ. ಭಾನುವಾರ ದಂಪತಿ ವೇದಿಕೆಯ ಮೇಲೆ ಸಂತೋಷವಾಗಿದ್ದರು, ಅವಳಿಗೆ ಯಾವ ಗಾಯವೂ ಇರಲಿಲ್ಲ. ಮನೆ ಬಿಟ್ಟ ಮೇಲೆ ಎಲ್ಲೋ ಬಿದ್ದು ಕೈ ಮುರಿದುಕೊಂಡು ಗಂಡನ ಮೇಲೆ ಹಾಕುತ್ತಿದ್ದಾಳೆ. ಇದಕ್ಕೆ ಲಗತ್ತಿಸಿದ ಒಂದೇ ದಾಖಲೆ ನಾನು ಕತ್ತರಿಸಿದ ಫೋಟೋ, ನಾನು ಬರೆದ ಅಡಿಬರಹದ ಸಮೇತ.

“ನಕ್ಕೀನಿ ಅಂತ ವಕೀಲರು ಓದಿದ್ರು,” ಎಂದಳು ಕಸ್ತೂರಿ. “ಫೋಟೋದವರು ‘ಅಕ್ಕ, ಸ್ಮೈಲ್’ ಅಂದ್ರು, ನಕ್ಕೆ. ಹಾಲ್ ತುಂಬ ಮಂದಿ ಕುಂತಾಗ ಅಳಾಕ ಬರ್ತೈತೇನ್ರಿ?”

ಅವಳು ಹೋದ ಮೇಲೆ ದಿನೇಶ್‌ಗೆ ಫೋನ್ ಮಾಡಿದೆ. ನನ್ನ ಕಂಪ್ಯೂಟರಿನಲ್ಲಿ ಕ್ರಾಪ್ ಆದ ಪ್ರತಿ ಮಾತ್ರ ಉಳಿದಿತ್ತು. ಮೂಲ ಅವನ ಬಳಿಯೂ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

“ಸಂಘದ ಫಂಕ್ಷನ್ ಫೋಟೋ ಯಾರಾದ್ರೂ ಡಿಲೀಟ್ ಮಾಡ್ತಾರಾ ಮಾರಾಯ್ರೆ?” ಎಂದ ದಿನೇಶ್. “ವರ್ಷ ಬಿಟ್ಟು ಅಧ್ಯಕ್ಷರ ಹೆಂಡ್ತಿ ಫೋನ್ ಮಾಡಿ ಆ ಹಸುರು ಸೀರೆದು ಕೊಡಿ ಅಂತಾರೆ. ಎಲ್ಲ ಉಂಟು.”

ಎಲ್ಲವೂ ಇತ್ತು. ಹನ್ನೊಂದು ಫ್ರೇಮ್. ಆರರಲ್ಲಿ ಪ್ಲಾಸ್ಟರ್ ಸ್ಪಷ್ಟವಾಗಿತ್ತು. ಒಂದರಲ್ಲಿ ಸಾವಂತ್ ಬಗ್ಗಿ ಅವಳ ಸೆರಗು ಎಳೆದು ಕೈ ಮುಚ್ಚುತ್ತಿದ್ದರು. ಪ್ರತಿ ಫೈಲಿನಲ್ಲೂ ತೆಗೆದ ದಿನ, ಗಂಟೆ, ನಿಮಿಷ ದಾಖಲಾಗಿತ್ತು.

ಡಿಜಿಟಲ್ ಫೋಟೋ ಕೋರ್ಟಿನಲ್ಲಿ ನಿಲ್ಲಬೇಕಾದರೆ ಒಂದು ಪ್ರಮಾಣಪತ್ರ ಬೇಕು: ಇದು ಇಂಥ ಕ್ಯಾಮೆರಾದ್ದು, ಇಂಥ ಕಂಪ್ಯೂಟರಿನಲ್ಲಿತ್ತು, ತಿದ್ದಿಲ್ಲ ಎಂದು ಜವಾಬ್ದಾರರು ಸಹಿ ಹಾಕಬೇಕು. ದಿನೇಶ್ ಸಹಿ ಹಾಕಲು ಒಪ್ಪಿದ. ಅಚ್ಚಾದ ಫೋಟೋ ಇದರಿಂದಲೇ ಕತ್ತರಿಸಿದ್ದು ಎಂದು ನಾನು ಬೇರೆಯೇ ಬರೆದುಕೊಡಬೇಕಿತ್ತು. ಅದಕ್ಕೆ ಸಂಪಾದಕರ ಒಪ್ಪಿಗೆ ಬೇಕಿತ್ತು.

“ನಾವು ಪತ್ರಿಕೆಯವರು ರೀ, ಸಾಕ್ಷಿದಾರರಲ್ಲ,” ಎಂದರು ಸಂಪಾದಕರು. “ನಾಳೆಯಿಂದ ಯಾವ ಸಂಘದವರೂ ನಮ್ಮ ಕ್ಯಾಮೆರಾನ ಹಾಲ್ ಒಳಗೆ ಬಿಡೋದಿಲ್ಲ. ಗಂಡ-ಹೆಂಡಿರ ಮಧ್ಯೆ ನಾವ್ಯಾಕೆ?”

“ಮಧ್ಯೆ ಇಲ್ಲ ಸರ್. ಆಗಲೇ ಅವನ ಪಕ್ಕದಲ್ಲಿ ನಿಂತಿದ್ದೇವೆ. ಕೋರ್ಟಿನಲ್ಲಿ ನಮ್ಮ ಪುಟಕ್ಕೆ ಅವನ ಕಡೆಯ ದಾಖಲೆ ಎಂದು ನಂಬರ್ ಬಿದ್ದಿದೆ.”

ಅವರು ಜೆರಾಕ್ಸನ್ನು ಹತ್ತಿರಕ್ಕೆಳೆದು ಅಡಿಬರಹ ಓದಿದರು. ಬರೆದುಕೊಡಿ ಎಂದರು. ತಪ್ಪೊಪ್ಪಿಗೆಯ ನಾಲ್ಕು ಸಾಲನ್ನು ಅದೇ ಪುಟದಲ್ಲಿ, ಪೂರ್ತಿ ಫೋಟೋ ಜೊತೆ ಹಾಕೋಣ ಎಂದು ನಾನು ಕೇಳಿದಾಗ ಮಾತ್ರ ಬೇಡ ಎಂದರು. ಆ ನಾಲ್ಕು ಸಾಲು ಇಂದಿನವರೆಗೂ ಅಚ್ಚಾಗಿಲ್ಲ. ಆ ಮೇಜಿನ ಮುಂದೆ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ನನ್ನ ಹೇಳಿಕೆ ಕೋರ್ಟಿಗೆ ಹೋದ ವಾರ ಸಾವಂತ್ ಫೋನ್ ಮಾಡಿದರು. ಸಿಟ್ಟಿರಲಿಲ್ಲ, ಸಲಿಗೆಯಿತ್ತು.

“ಅರೇ ಸಾಹೇಬ್, ಆಪ್ ಭೀ? ಲಡ್ಕಾ ಸುಧರ್ ರಹಾ ಹೈ. ಏಕ್ ಚಾನ್ಸ್ ತೋ ದೇನಾ ಪಡ್ತಾ ಹೈ ನಾ.” ಹುಡುಗ ಸುಧಾರಿಸುತ್ತಿದ್ದಾನೆ, ಒಂದು ಅವಕಾಶ ಕೊಡಬೇಕಲ್ಲ ಎಂದು.

“ನಿಮ್ಮ ಸಮಿತಿ ಎಷ್ಟು ಸಲ ಸೇರಿತು?” ಎಂದು ಹಿಂದಿಯಲ್ಲೇ ಕೇಳಿದೆ.

“ಕಮಿಟಿ? ವೋ ತೋ ಎಚ್‌ಆರ್ ಕಾ ಮ್ಯಾಟರ್ ಹೈ.” ಅದು ಕಂಪನಿಯ ಸಿಬ್ಬಂದಿ ವಿಭಾಗದ ವಿಷಯ ಎಂದು.

“ಕಸ್ತೂರಿಯನ್ನು ಕರೆಸಿ ಕೇಳಿತೆ?”

“ಉಸ್ಕೋ ಕ್ಯೂಂ ಬುಲಾಯೇಂಗೆ? ವೋ ಪ್ಲೇಯರ್ ಥೋಡೀ ಹೈ.”

ಅವಳನ್ನು ಯಾಕೆ ಕರೆಯಬೇಕು, ಅವಳೇನು ಆಟಗಾರ್ತಿಯೇ ಎಂಬುದು ಅವರ ಉತ್ತರ. ದಿನಾಂಕ, ಸಮಯ ಹಾಕಿ ಇದನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಅವಳ ಕಿವಿ ಹರಿದ ವಿಷಯಕ್ಕೆ ಸಮಿತಿ ಮಾಡಿದವರು ಅವಳನ್ನು ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ತಂಡ ಯಾರನ್ನೂ ಕ್ಷಮಿಸಿರಲಿಲ್ಲ. ಕ್ಷಮಿಸುವುದಕ್ಕೆ ಮೊದಲು ಏನಾಯಿತೆಂದು ತಿಳಿಯಬೇಕು. ಅವರು ಅದನ್ನು ತಿಳಿಯದಂತೆ ನೋಡಿಕೊಂಡರು, ಎರಡನೇ ಸಲ ತಿಳಿಯುವ ದಾರಿಯನ್ನು ತಮ್ಮ ಫಿಸಿಯೋನ ಕೈಯಲ್ಲೇ ಪ್ಲಾಸ್ಟರ್ ಕಟ್ಟಿಸಿ ಮುಚ್ಚಿದರು. ಮೊದಲ ಸಲ ತಿಳಿಯದೆ ಬಿಟ್ಟದ್ದಕ್ಕೆ ಎರಡನೇ ಅವಕಾಶ ಎಂದು ಹೆಸರಿಟ್ಟಿದ್ದರು. ಆ ಹೆಸರನ್ನು ನಾಲ್ಕು ಕಾಲಂ ಅಗಲಕ್ಕೆ ಅಚ್ಚು ಹಾಕಿದವನು ನಾನು. ಅವನಿಗೆ ಸಿಕ್ಕಿದ ಎರಡನೇ ಅವಕಾಶದಲ್ಲಿ ಮುರಿದದ್ದು ಅವಳ ಮುಂಗೈ.

ಮಾರ್ಚ್‌ನಲ್ಲಿ ವಿಚಾರಣೆ ನಡೆಯಿತು. ಸೆರಗಿನ ಕೆಳಗಿನದು ಕರ್ಚೀಫು ಇರಬಹುದು ಎಂದರು ಅವನ ವಕೀಲರು. ಮ್ಯಾಜಿಸ್ಟ್ರೇಟರು ಫ್ರೇಮನ್ನು ದೊಡ್ಡದು ಮಾಡಿ ತೋರಿಸಲು ಹೇಳಿದರು. ಆಮೇಲೆ ವಕೀಲರು ಕರ್ಚೀಫಿನ ಮಾತು ಎತ್ತಲಿಲ್ಲ. 2024ರ ಏಪ್ರಿಲ್‌ನಲ್ಲಿ ಮಧ್ಯಂತರ ಆದೇಶ, ಅಂದರೆ ಪ್ರಕರಣ ಮುಗಿಯುವವರೆಗೆ ನಡೆಯುವ ತಾತ್ಕಾಲಿಕ ರಕ್ಷಣೆ, ಸಿಕ್ಕಿತು. ಮನೆ, ಶಾಲೆ ಎರಡರ ಹತ್ತಿರವೂ ಅವನು ಬರುವಂತಿಲ್ಲ. ಅಂದು ಕಸ್ತೂರಿ ಫೋನ್ ಮಾಡಿ, “ಸಾಲಿ ಗೇಟಿಗೆ ಆರ್ಡರ್ ಕಾಪಿ ಕೊಟ್ ಬಂದೆ ಸರ್, ವಾಚ್‌ಮನ್ ಓದಿಸ್ಕೊಂಡ,” ಎಂದಳು. ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಹೇಳಬೇಕಾದ ಕಾರಣವೂ ಇರಲಿಲ್ಲ.

ಸಂಘದ ಕಾರ್ಯದರ್ಶಿ ಒಂದು ಮದುವೆಯಲ್ಲಿ ಸಿಕ್ಕು, “ನಾವು ಸನ್ಮಾನ ಮಾಡಿದ್ವಿ, ನೀವು ಪೋಸ್ಟ್‌ಮಾರ್ಟಮ್ ಮಾಡಿದ್ರಿ,” ಎಂದರು. ಸುತ್ತಲಿದ್ದವರು ನಕ್ಕರು. ಆ ಸಂಘದ ಆಮಂತ್ರಣ ನಮ್ಮ ಪತ್ರಿಕೆಗೆ ನಿಂತುಹೋಯಿತು. ಆ ವರ್ಷ ಜುಲೈನಲ್ಲಿ ನಾನು ನಿವೃತ್ತನಾದೆ. ಹೋಗುವ ಮೊದಲು ಡೆಸ್ಕಿಗೆ ಎರಡು ಸೂಚನೆ ಬರೆದಿಟ್ಟೆ: ಮೂಲ ಫೋಟೋ ಅಳಿಸಬಾರದು, ಅಮಾನತಿನಿಂದ ಮರಳಿದ ಆಟಗಾರನ ಸುದ್ದಿಯಲ್ಲಿ ಅಮಾನತಿನ ಕಾರಣ ಎರಡನೇ ವಾಕ್ಯದೊಳಗೆ ಬರಬೇಕು. ಮೊದಲನೆಯದು ಪಾಲನೆಯಾಗುತ್ತಿದೆ ಎಂದು ಕೇಳಿದ್ದೇನೆ.

ಕಸ್ತೂರಿಯ ಅರ್ಜಿಯ ಅಂತಿಮ ವಿಚಾರಣೆ ಮುಗಿದಿಲ್ಲ. ಅವಳ ಎಡಗೈ ಪೂರ್ತಿ ಮಡಚುವುದಿಲ್ಲ. ಘಾಟ್ಕೋಪರ್‌ನ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಸಂಗಮೇಶ ಆ ಸೀಸನ್ ಪೂರ್ತಿ ಕ್ಯಾಪ್ಟನ್ ಆಗಿಯೇ ಆಡಿದ, ಮುಂದಿನ ಸೀಸನ್ನೂ ಆಡಿದ.

2025ರ ಜೂನ್‌ನಲ್ಲಿ ಅದೇ ಕಂಪನಿ ತನ್ನ ಮೊದಲ ಮಹಿಳಾ ಕಬಡ್ಡಿ ತಂಡವನ್ನು ಪ್ರಕಟಿಸಿತು. ಪ್ರಕಟಣೆಯ ಪಟ್ಟಿಯಲ್ಲಿ ಹದಿನಾಲ್ಕು ಆಟಗಾರ್ತಿಯರ ಹೆಸರುಗಳಿವೆ. ಕೋಚ್, ಸಂಗಮೇಶ.