ಬಿಳಿ ಟೆಂಟಿನ ಮೇಲೆ ಅವ್ವನ ಸೀರೆಗಳು

ಹಿತ್ತಲಲ್ಲಿ ಟೆಂಟು ಎದ್ದಿತೆಂದರೆ ಆ ಮನೆಗೆ ಯಾರೂ ಮಜ್ಜಿಗೆ ಕೇಳಿಕೊಂಡು ಬಾರದಿದ್ದ ಕಾಲವದು. ನನ್ನ ವಯಸ್ಸಿನವರಿಗೆ ನೆನಪಿದ್ದೀತು. ಕ್ಷಯ ಅನ್ನುವ ಶಬ್ದವನ್ನು ನುಂಗಿಕೊಂಡು ದೊಡ್ಡವರು 'ದೊಡ್ಡ ಬ್ಯಾನಿ' ಅನ್ನುತ್ತಿದ್ದರು. ಅದಕ್ಕೆ ಸೂಜಿ ಬಂದಾವಂತೆ ಎಂಬ ಸುದ್ದಿ ಇತ್ತು. ನಮ್ಮ ಹುಕ್ಕೇರಿ ಕಡೆಗೆ ಸೂಜಿ ಬರುವ ಮೊದಲು ಸುದ್ದಿಯೇ ಬಂದಿತ್ತು. ಘಟಪ್ರಭಾದ ಡಾಕ್ಟರರು ಹೇಳಿದ್ದು ಇಷ್ಟೇ: ಫ್ರೆಶ್ ಏರ್, ರೆಸ್ಟ್, ಹಾಲು, ತತ್ತಿ. ತತ್ತಿ ಅಂದಕೂಡಲೇ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕೊರಳ ಲಿಂಗವನ್ನು ಮುಟ್ಟಿಕೊಂಡು "ಹಾಲ ಕೊಡತೇವ್ರಿ" ಅಂದಳಂತೆ.

ನಾನಾಗ ಹತ್ತು ವರ್ಷದವಳು. ಬೆಳಗಾವಿಯ ಕಾನ್ವೆಂಟಿನ ಹಾಸ್ಟೆಲ್‌ನಲ್ಲಿದ್ದೆ. ಬ್ಯಾಸಗಿ ಸೂಟಿಗೆ ಮನೆಗೆ ಬಂದಾಗ ಅವ್ವ ಮನೆಯೊಳಗೆ ಇರಲಿಲ್ಲ. ಹಿತ್ತಲಿನ ಬೇವಿನ ಗಿಡದಾಚೆ ಬಯಲಲ್ಲಿ ಒಂದು ಟೆಂಟು ನಿಂತಿತ್ತು. ಅಪ್ಪ ಬೆಲ್ಲದ ವ್ಯಾಪಾರಿ. ಬೆಳಗಾವಿಗೆ ಗಾಡಿ ಹೋದಾಗ ಮಿಲಿಟರಿಯವರು ಮಾರಿದ ಹಳೆಯ ಸಾಮಾನಿನಲ್ಲಿ ಅದನ್ನು ತಂದಿದ್ದ. ಎರಡು ಪದರಿನ ದಪ್ಪ ಕ್ಯಾನ್ವಾಸು. ಕೈಯಿಂದ ತಟ್ಟಿದರೆ ಗೋಡೆ ತಟ್ಟಿದ ಹಾಗೆ. ಅದರ ಬಾಗಿಲು ಮೂಡಣಕ್ಕೆ, ಹೊಲದ ಕಡೆಗೆ. ಬೆನ್ನು ನಮ್ಮ ಮನೆಯ ಕಡೆಗೆ. ಸುತ್ತ ಹತ್ತು ಹೆಜ್ಜೆ ದೂರಕ್ಕೆ ಸುಣ್ಣದ ಗೆರೆ. ಆ ಗೆರೆ ದಾಟಿ ಒಳಗೆ ಹೋಗುವವಳು ಆಯಿ ಒಬ್ಬಳೇ. ಹೋಗುವಾಗ ಸೆರಗು ಸೊಂಟಕ್ಕೆ ಬಿಗಿಯುತ್ತಿದ್ದಳು, ಬಂದಮೇಲೆ ಫಿನಾಯಿಲ್ ಬಕೆಟ್ಟಿನಲ್ಲಿ ಕೈ ತೊಳೆಯುತ್ತಿದ್ದಳು. ನಮ್ಮ ಸಿಸ್ಟರ್‌ಗಳು ಕಲಿಸಿದ ಹೈಜೀನ್ ಪಾಠವೆಲ್ಲ ಆಯಿಯ ಮುಂದೆ ಏನೂ ಅಲ್ಲ.

ಆಯಿಯದು ಕಡಕ್ ಬಾಯಿ, ಸುಳ್ಳು ಬಾರದ ಬಾಯಿ. ಗಿರಾಕಿಗಳು ಅಂಗಳಕ್ಕೆ ಬಂದು "ಆಯಿ, ಬೆಲ್ಲ ಹೆಂಗೈತ್ರಿ?" ಅಂದರೆ ಅಪ್ಪ ಎದುರಿಗೇ ಕೂತಿದ್ದರೂ "ಈ ಸಲದ್ದು ಉಪ್ಪಾಗೇತೋ ಯಪ್ಪಾ, ಒಯ್ಯಬ್ಯಾಡ" ಅನ್ನುವಾಕೆ. ಅಪ್ಪ ಹಣೆ ಹಣೆ ಬಡಿದುಕೊಳ್ಳುತ್ತಿದ್ದ.

ನಾನು ಗೆರೆಯ ಈಚೆ, ಬೇವಿನ ನೆರಳಲ್ಲಿ ಕೂತು ಆಣಿಕಲ್ಲು ಆಡುತ್ತಿದ್ದೆ. ಐದು ಕಲ್ಲು, ಮೇಲಕ್ಕೆ ಎಸೆದು ಹಿಡಿಯುವ ಆಟ. ಗಾಳಿಯಲ್ಲಿ ಬೇವಿನ ಹೂವಿನ ಕಹಿ ವಾಸನೆ, ಫಿನಾಯಿಲ್ ವಾಸನೆ, ಬೆಲ್ಲದ ಚೀಲಗಳ ಸಿಹಿ ವಾಸನೆ, ಮೂರೂ ಕೂಡಿ ಬರುತ್ತಿದ್ದವು. ಅವ್ವನಿಗೆ ಎದ್ದು ಕೂಡಲಿಕ್ಕೂ ತ್ರಾಣವಿರಲಿಲ್ಲ. ಆದರೂ ಕ್ಯಾನ್ವಾಸಿನ ಆಚೆಯಿಂದ ಧ್ವನಿ ಬರುತ್ತಿತ್ತು.

"ಶಾಂತೀ, ಒಂದ ಕಲ್ಲ ಬಿದ್ದತು. ಔಟ್."

"ನಿನಗ ಹೆಂಗ ಗೊತ್ತಾತು? ಕಾಣಂಗಿಲ್ಲಲ್ಲ!"

"ನೀ ಮೋಸಾ ಮಾಡೂಮುಂದ ಉಸುರ ಹಿಡಿತಿ. ಅದೂ ಕೇಳತೈತಿ."

ಒಂದು ದಿನ ಕೇಳಿದೆ, "ಅವ್ವಾ, ದಿನಾ ಅಲ್ಲಿ ಮಕ್ಕೊಂಡ ಏನ ಮಾಡ್ತಿ?"

"ಬಿಳೇದ ನೋಡತೇನಿ. ಮ್ಯಾಲೂ ಬಿಳೇದು, ಬಾಜೂಕೂ ಬಿಳೇದು. ಹಾಸಿಗಿ ಬಿಳೇದು. ಮೈಮ್ಯಾಲಿಂದೂ ಬಿಳೇದು." ಕೆಮ್ಮಿ ಅಂದಳು, "ಗಂಡ ಜೀವಂತ ಇರೂಮುಂದ ಬಿಳೀ ಸೀರಿ ಉಟ್ಟೇನಿ ನೋಡ."

ಅವಳ ಬಟ್ಟೆಗಳನ್ನು ದಿನವೂ ಹಂಡೆಯಲ್ಲಿ ಕುದಿಸಬೇಕಿತ್ತು. ಬಣ್ಣದ ಸೀರೆ ಕುದಿಸಿದರೆ ಬಣ್ಣ ಬಿಡುತ್ತದೆಂದು ಆಯಿ ಬಿಳಿ ಮಲ್ಲು ಬಟ್ಟೆಯ ಸೀರೆಗಳನ್ನೇ ತಂದಿದ್ದಳು. ಅವ್ವನ ಬಣ್ಣದ ಸೀರೆಗಳೆಲ್ಲ ನಡುಮನೆಯ ಟ್ರಂಕಿನಲ್ಲಿದ್ದವು. ಅವ್ವನಿಗೆ ಬಣ್ಣದ ಹುಚ್ಚು. ಗೋಕಾಕಕ್ಕೆ ಹೋದರೆ ಕರದಂಟು ಕೊಳ್ಳುವುದನ್ನು ಮರೆತು ಕಟ್ಟಿಗೆಯ ಬಣ್ಣದ ಗೊಂಬೆಗಳ ಮುಂದೆ ನಿಂತುಬಿಡುತ್ತಿದ್ದಳು. ಅಂಥಾಕೆ.

ಅವತ್ತು ನನಗೆ ನಮ್ಮ ಚಾಪೆಲ್ ನೆನಪಾಯಿತು. ಅಲ್ಲಿ ಆಲ್ಟರ್‌ನ ಹಿಂದೆ ಬಣ್ಣದ ಗಾಜಿನ ಕಿಟಕಿ ಇತ್ತು. ಬೆಳಗಿನ ಪ್ರೇಯರ್ ಹೊತ್ತಿಗೆ ಬಿಸಿಲು ಅದರೊಳಗಿಂದ ಬಂದು ನಮ್ಮ ಸಿಸ್ಟರ್‌ನ ಬಿಳಿ ಹ್ಯಾಬಿಟ್ ಮೇಲೆ ಬೀಳುತ್ತಿತ್ತು. ನೋಡನೋಡುತ್ತಲೇ ಸಿಸ್ಟರ್ ನೀಲಿಯಾಗಿ, ಕೆಂಪಾಗಿ, ಮತ್ತೆ ನೀಲಿಯಾಗುತ್ತಿದ್ದರು. ಹತ್ತು ವರ್ಷದ ತಲೆ. ಲೆಕ್ಕ ಸೀದಾ ಇತ್ತು. ಟೆಂಟಿನ ಹೊರಗೆ ಬಣ್ಣ ಹಚ್ಚಿದರೆ ಬಿಸಿಲು ಆ ಬಣ್ಣವನ್ನು ಒಳಗೆ ಒಯ್ಯುತ್ತದೆ. ಅವ್ವನ ಬಿಳಿ ಸೀರೆಗೆ ಬಣ್ಣ ಬರುತ್ತದೆ.

ಮಧ್ಯಾಹ್ನ ಮನೆಯೆಲ್ಲ ಮಲಗಿದಾಗ ಟ್ರಂಕು ತೆರೆದೆ. ಡಾಂಬರಗುಳಿಗೆಯ ವಾಸನೆ ಗಮ್ಮೆಂದಿತು. ಮೇಲೆಯೇ ಅರಿಶಿಣ ಬಣ್ಣದ, ಕೆಂಪು ಅಂಚಿನ ಇಳಕಲ್ ಸೀರೆ ಇತ್ತು. ಟೆಂಟಿನ ಬೆನ್ನಿಗೆ ಅಷ್ಟುದ್ದ ಬೇಕಿರಲಿಲ್ಲ. ಅಪ್ಪನ ಚೀಲ ಕತ್ತರಿಸುವ ದೊಡ್ಡ ಕತ್ತರಿಯಿಂದ ಸೀರೆಯನ್ನು ನಡುವೆ ಕತ್ತರಿಸಿದೆ. ಚೀಲದ ಬಾಯಿ ಹೊಲಿಯುವ ಡಬ್ಬಣ, ಸುತಳಿ ತಗೊಂಡೆ. ಸುಣ್ಣದ ಗೆರೆ ದಾಟಿದೆ.

ಮೂರು ಹೊಲಿಗೆ ಹಾಕಿದ್ದೆನೋ ಇಲ್ಲವೋ, ಒಳಗಿಂದ ಕೇಳಿತು. "ಯಾರದು?"

"ನಾ, ಅವ್ವಾ. ಸುಮ್ಕಿರು. ಟೆಂಟಿಗೆ ಬಣ್ಣಾ ಹಾಕಾಕತ್ತೇನಿ. ಬಿಸಲ ಈ ಕಡೆ ತಿರಗಿದಮ್ಯಾಲೆ ಒಳಗ ಬಣ್ಣ ಬೀಳತೈತಿ. ಬಿದ್ದಕೂಡ್ಲೆ ಹೇಳ."

"ಎದರ ಬಣ್ಣಾ?"

"ನಿನ್ನ ಹಳದೀ ಸೀರಿ. ಕೆಂಪ ಅಂಚಿಂದು. ಅರ್ಧಾ ಕತ್ರಿಸೇನಿ."

"ಮೂಡಲಗಿ ಸಂತ್ಯಾಗಿನ ಸೀರಿ ಅದು," ಅಂದಳು. "ನೀ ಹುಟ್ಟಿದಾಗ ನಮ್ಮಪ್ಪ ತಂದದ್ದು. ನಿನ್ನ ಮದಿವ್ಯಾಗ ನಿನಗ ಉಡಸಬೇಕಂತಿದ್ನಿ." ನನ್ನ ಕೈಯಲ್ಲಿ ಡಬ್ಬಣ ನಿಂತಿತು. ತಪ್ಪಾಯಿತೇನೋ ಅನ್ನಿಸಿ ಅಳು ಬಂತು. ಆಗ ಬಿಸಿಲು ಬೇವಿನ ಗಿಡ ದಾಟಿ ಟೆಂಟಿನ ಬೆನ್ನಿಗೆ ಬಿತ್ತು.

"ಬಂತ ನೋಡ, ಶಾಂತೀ!" ಅಂದಳು ಅವ್ವ. "ಹಳದಿ ಬಂತು! ಕೈಯೆಲ್ಲಾ ಹಳದಿ ಆದವು. ಅರಿಶಿಣಾ ಹಚ್ಚಿದಂಗ ಆತ ನೋಡ."

ನಾನು ಕುಣಿದೆ. ಆ ಕುಣಿತದ ಸಪ್ಪಳಕ್ಕೆ ಆಯಿ ಎದ್ದು ಬಂದಳು.

ನಮ್ಮ ಕಡೆ ಕೌದಿ ಹೊಲಿಯುವುದು ನಿಮಗೆ ಗೊತ್ತು. ಹಳೆಯ ಸೀರೆಗಳನ್ನು ತುಂಡು ಮಾಡಿ, ಪದರಪದರವಾಗಿ ಕೂಡಿಸಿ ಹೊದಿಯಲು ಮಾಡುವುದು. ಆದರೆ ಒಬ್ಬ ಹೆಣ್ಣುಮಗಳ ಟ್ರಂಕಿನ ಒಳ್ಳೆಯ ಸೀರೆಗಳಿಗೆ ಕತ್ತರಿ ಬೀಳುವುದು ಅವಳು ಹೋದಮೇಲೆ. ಹೆಣ್ಣುಮಕ್ಕಳು ಸುತ್ತ ಕೂತು ಅಳುತ್ತ ಅವನ್ನು ಕತ್ತರಿಸುತ್ತಾರೆ, ಮಗಳಿಗೆ ಒಂದು, ಮೊಮ್ಮಗಳಿಗೆ ಒಂದು ಕೌದಿ ಆಗುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಕಾನ್ವೆಂಟಿನಲ್ಲಿ ನಮಗೆ ಎಂಬ್ರಾಯ್ಡರಿ ಕಲಿಸಿದ್ದರು, ಇದನ್ನು ಕಲಿಸಿರಲಿಲ್ಲ.

"ಅಯ್ಯ ಶಿವನ!" ಆಯಿ ಎದೆ ಮೇಲೆ ಕೈ ಇಟ್ಟುಕೊಂಡಳು. "ಹಡದಾಕಿ ಉಸುರ ಆಡೂಮುಂದ ಆಕಿ ಸೀರಿಗೆ ಕತ್ರಿ ಹಾಕಿದೆಲ್ಲ, ನಿನ್ನ ಕೈ ಸೇದಿ ಹೋಗ್ಲಿ! ಇಂಗ್ಲೀಷ ಸಾಲ್ಯಾಗ ಇದನ್ನ ಕಲಸ್ತಾರೇನ? ತಾಯೀನ್ನ ಕಳಸಾಕ ಗಡಿಬಿಡಿ ಮಾಡಾಕತ್ತೀಯೇನ?"

ಕ್ಯಾನ್ವಾಸಿನೊಳಗಿಂದ ಅವ್ವ ಕೆಮ್ಮಿ, ಕೆಮ್ಮು ನಿಲ್ಲಿಸಿ ಅಂದಳು, "ಅತ್ತೀ, ಹುಡುಗೀನ ಬೈಬ್ಯಾಡ್ರಿ. ನಾನ ಹೇಳೇನ್ರಿ ಕತ್ರಸಂತ. ಒಳಗ ಬರ್ರಿ. ಹಳದಿ ಎಷ್ಟ ಚಂದ ಬಿದ್ದೈತಿ ನೋಡ ಬರ್ರಿ."

ಆಯಿ ಟೆಂಟು ಸುತ್ತುಹಾಕಿ ಬಾಗಿಲಿಗೆ ಹೋದಳು, ಒಳಗೆ ಹೊಕ್ಕಳು. ನಾನು ಹೊರಗೆ ಸುತಳಿ ಹಿಡಿದು ನಿಂತೆ. ಒಳಗೆ ಒಂದು ಹೋಳಿಗೆ ಬೇಯುವಷ್ಟು ಹೊತ್ತು ಮಾತಿಲ್ಲ. ತಡೆಯಲಾರದೆ ಕೂಗಿದೆ, "ಆಯೀ, ಖರೇನ ಬಿದ್ದೈತೇನ?"

"ಹೂಂ," ಅಂದಳು ಆಯಿ. "ಬಿದ್ದೈತಿ."

ಹೊರಬಂದು ನನ್ನ ಕಡೆ ನೋಡಲಿಲ್ಲ. ಫಿನಾಯಿಲ್ ಬಕೆಟ್ಟಿನ ಮುಂದೆ ಕೂತು ಕೈ ತೊಳೆದಳು, ತೊಳೆದಳು, ತೊಳೆಯುತ್ತಲೇ ಇದ್ದಳು. ಮರುದಿನ ತಾನೇ ಟ್ರಂಕು ತೆರೆದು ಗಿಣಿಹಸಿರು ಸೀರೆ ತಂದು ನನ್ನ ತೊಡೆಯ ಮೇಲೆ ಒಗೆದಳು. "ಕತ್ರಿ ಹಾಕಬ್ಯಾಡ. ಇಡೀದ ಹೊಚ್ಚು. ಒಳಗ ಮಾತ್ರ ಕಾಲ ಇಡಬ್ಯಾಡ."

ಆ ಬೇಸಿಗೆ ಅವ್ವನ ಟ್ರಂಕು ಒಂದೊಂದಾಗಿ ಟೆಂಟಿನ ಮೇಲೆ ಹತ್ತಿತು. ಹಳದಿಯ ಉಳಿದರ್ಧ, ಹಸಿರು, ಬದನೀಕಾಯಿ ಬಣ್ಣ, ದಾಳಿಂಬರಿ ಕೆಂಪು, ಚಿಕ್ಕಿಚಿಕ್ಕಿಯ ನೀಲಿ. ಕಣಗಲಾ ದಾರಿಯಲ್ಲಿ ಹೋಗುವ ಚಕ್ಕಡಿಯವರು ನಿಲ್ಲಿಸಿ ನೋಡುತ್ತಿದ್ದರು. ಒಬ್ಬ ಕೇಳಿಯೇಬಿಟ್ಟ, "ಏನ್ರೀ ಆಯಿ, ಮದಿವೀ ಹಂದರ ಹಾಕೀರೇನ್ರಿ?"

"ಹೂಂನೋ, ನಿಂದ ಮದಿವಿ. ಕನ್ಯಾ ಸಿಗವಲ್ದು. ಹೊಡಿ ಚಕ್ಕಡಿ!"

ಒಳಗೆ ಅವ್ವ ನಕ್ಕದ್ದು ಕೇಳಿಸಿತು. ನಕ್ಕು ಕೆಮ್ಮಿದ್ದೂ ಕೇಳಿಸಿತು.

ದಿನವೂ ಬಿಸಿಲು ತಿರುಗುವ ಹೊತ್ತಿಗೆ ನಾನು ಕೇಳುವುದು, ಅವಳು ಹೇಳುವುದು. "ಇವತ್ತ ಹೆಂಗ ಕಾಣತೈತಿ, ಅವ್ವಾ?" "ಹಾಲಿನ ವಾಟಗ ಹಸರ ಆಗೇತಿ. ಗಿಣಿ ಹಾಲ ಕುಡದಂಗ ಆತು." ಬದನೀಕಾಯಿ ಬಣ್ಣ ಹಾಕಿದ ದಿನ, "ಮಳಿ ಮೋಡಾ ಕವದಂಗ ಆಗೇತಿ, ತಂಪ ಅನಸಾಕತ್ತೈತಿ." ಕೆಂಪಿನ ದಿನ, "ಬಿಳೀ ಸೀರಿ ಹೋಗಿ ಧಾರೀ ಸೀರಿ ಆಗೇತಿ. ನಿಮ್ಮಪ್ಪಗ ಹೇಳ, ಬಂದ ನೋಡಂತ." ಅಪ್ಪನಿಗೆ ಹೇಳಿದೆ. ಅವನು ಸುಣ್ಣದ ಗೆರೆಯ ತನಕ ಬಂದು ನಿಂತ. ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡು ಗೋದಾಮಿಗೆ ಹೋದ.

ಮೊದಲ ಅಡ್ಡಮಳೆಗೆ ಸೀರೆಗಳೆಲ್ಲ ಬಣ್ಣ ಬಿಟ್ಟವು. ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿ, ಕೆಳಗಿನ ಮಣ್ಣೆಲ್ಲ ಕೆನ್ನೀಲಿ. ನಾನು ಅಳುತ್ತ ನಿಂತಿದ್ದರೆ ಅವ್ವ ಅಂದಳು, "ಅಳಬ್ಯಾಡ ಖೋಡಿ. ಒಳಗ ಎಲ್ಲಾ ಬಣ್ಣ ಒಮ್ಮೆಲೆ ಬಂದಾವ."

ಜೂನಿನಲ್ಲಿ ಸಾಲಿ ಶುರುವಾಯಿತು. ಹೊರಡುವಾಗ ಟೆಂಟಿನ ಬೆನ್ನಿಗೆ ಕೈ ಇಟ್ಟು "ಹೋಗಿ ಬರ್ತೇನವ್ವಾ" ಅಂದೆ. "ದೀಪಾವಳಿ ಸೂಟಿಗೆ ಹೊಸಾ ಬಣ್ಣಾ ಹಾಕೋಣು" ಅಂದಳು. ಮುಖ ತೋರಿಸಲಿಲ್ಲ, ತೋರಿಸು ಅಂತ ನಾನು ಕೇಳಲೂ ಇಲ್ಲ.

ದೀಪಾವಳಿಗೆ ಮುಂಚೆಯೇ ಸಿಸ್ಟರ್ ನನ್ನನ್ನು ಆಫೀಸಿಗೆ ಕರೆದರು. ಮನೆಗೆ ಬಂದಾಗ ಬೇವಿನ ಗಿಡದಾಚೆ ಒಂದು ಕರಿಯ ಚೌಕ ಇತ್ತು, ಅಷ್ಟೇ. ಡಾಕ್ಟರರು ಹೇಳಿದಂತೆ ಹಾಸಿಗೆ, ಟೆಂಟು, ಟೆಂಟಿನ ಮೇಲಿದ್ದದ್ದು, ಎಲ್ಲವನ್ನೂ ಸುಟ್ಟಿದ್ದರು. ಟ್ರಂಕಿನಲ್ಲಿ ಡಾಂಬರಗುಳಿಗೆಯ ವಾಸನೆ ಮಾತ್ರ ಉಳಿದಿತ್ತು. ಟ್ರಂಕಿನಲ್ಲೇ ಬಿಟ್ಟಿದ್ದರೆ ಐದು ಸೀರೆ ಉಳಿಯುತ್ತಿದ್ದವು. ನನ್ನ ಓರಗೆಯ ಹುಡುಗಿಯರೆಲ್ಲ ತಂತಮ್ಮ ತಾಯಂದಿರ ಕೌದಿ ಹೊದ್ದುಕೊಂಡೇ ಮುದುಕಿಯರಾದರು. ನನಗೊಂದು ಕೌದಿ ಆಗಲಿಲ್ಲ.

ಕೌದಿಯ ಮಾತು ಹೋಗಲಿ. ನನ್ನ ಕತ್ತರಿಯಿಂದಲೇ ಅವ್ವ ಹೋದಳೇನೋ ಅನ್ನುವ ಭಯ ನನಗೆ ಬಹಳ ವರ್ಷ ಇತ್ತು. ಬಿ.ಎ. ಓದಿದೆ, ಇಂಗ್ಲಿಷ್ ಟೀಚರಾದೆ, ಮಕ್ಕಳನ್ನು ಹೆತ್ತೆ. ಟು ಬಿ ಫ್ರ್ಯಾಂಕ್, ಭಯ ಹೋಗಲಿಲ್ಲ. ಆಯಿ ಆ ಮಾತನ್ನು ಸಾಯುವತನಕ ಮತ್ತೆ ಎತ್ತಲಿಲ್ಲ. ಭಯ ಬಂದಾಗಲೆಲ್ಲ ನಾನು ಒಂದೇ ಮಾತು ಹೇಳಿಕೊಳ್ಳುತ್ತಿದ್ದೆ: ಇರಲಿ, ಕೊನೆಯ ಬೇಸಿಗೆಯಲ್ಲಿ ಅವಳು ಬಣ್ಣ ನೋಡಿದಳು. ಸುಳ್ಳಾಡದ ಆಯಿಯೇ ಸಾಕ್ಷಿ.

ಹೋದ ಚಳಿಗಾಲ ಗೋಕಾಕದ ಹತ್ತಿರ, ಹೊಳೆಯ ದಂಡೆಯಲ್ಲಿ ಸಾಲಿ ಹುಡುಗಿಯರ ಕ್ಯಾಂಪು ಇತ್ತು. ಟೆಂಟ್ ಡೆಕೊರೇಶನ್ ಕಾಂಪಿಟೀಶನ್‌ಗೆ ಜಡ್ಜ್ ಆಗಿ ಬರ್ರಿ ಮೇಡಂ ಎಂದು ಕರೆದರು. ರಿಟೈರ್ಡ್ ಮುದುಕಿಯರಿಗೆ ಇಂಥ ಕೆಲಸಗಳು ಬರುತ್ತವೆ. ಮಧ್ಯಾಹ್ನದ ಚುರುಚುರು ಬಿಸಿಲು. ನೈಲಾನಿನ ಟೆಂಟುಗಳಿದ್ದಾವು ಅಂದುಕೊಂಡಿದ್ದೆ. ಬಾಡಿಗೆಗೆ ತಂದವು ಹಳೆಯ ಬಿಳಿ ಕ್ಯಾನ್ವಾಸಿನವು, ಎರಡು ಪದರಿನವು. ತಟ್ಟಿ ನೋಡಿದೆ. ನನ್ನ ಅಂಗೈಗೆ ಗುರುತು ಸಿಕ್ಕಿತು.

ಹುಡುಗಿಯರು ಓಢಣಿ, ಸೀರೆ, ಬಣ್ಣದ ಕಾಗದ ಎಲ್ಲ ತಂದು ಹೊಚ್ಚಿದ್ದರು. ಕೊನೆಯ ಟೆಂಟಿನ ಬೆನ್ನಿಗೆ ಒಂದು ಹಳದಿ ಓಢಣಿ, ಅದರ ಮೇಲೆ ನೇರ ಬಿಸಿಲು. ಬಾಜೂಕೆ ಅದನ್ನು ಕಟ್ಟಿದ ಐದನೆಯ ಇಯತ್ತೆಯ ಹುಡುಗಿ, ಎರಡು ಜಡೆಯವಳು. ನಾನು ಕೋಲೂರಿ, ಬಗ್ಗಿ, ಒಳಗೆ ಹೋದೆ. ಜೀವನದಲ್ಲಿ ಮೊದಲ ಸಲ ಅಂಥ ಟೆಂಟಿನ ಒಳಗೆ ಕಾಲಿಟ್ಟೆ.

ಒಳಗೆ ಮಬ್ಬು. ಬಾಗಿಲಿನಿಂದ ಬಂದಷ್ಟೇ ಬೆಳಕು. ಹೊರಗೆ ಓಢಣಿ ಇದ್ದ ಜಾಗದಲ್ಲಿ ಬಿಳಿಯ ಮೇಲೆ ಒಂದು ಬೂದು ನೆರಳು, ಅಷ್ಟೇ. ಕಣ್ಣು ಹೊಂದಿಕೊಳ್ಳಲಿ ಎಂದು ಕಾದೆ. ಕನ್ನಡಕ ಒರೆಸಿ ಹಾಕಿಕೊಂಡೆ. ಕೈ ಚಾಚಿ ಆ ನೆರಳಿನ ಕೆಳಗೆ ಹಿಡಿದೆ. ನನ್ನ ಕೈ ನನ್ನ ಕೈಯಾಗಿಯೇ ಇತ್ತು, ಸುಕ್ಕುಬಿದ್ದದ್ದು, ಕಂದು. ಒಂದು ಹೊಳಪು ಹಳದಿ ಇಲ್ಲ.

ಎಪ್ಪತ್ತು ವರ್ಷದ ಹತ್ತಿರ ಹತ್ತಿರ ನಾನು ಕಾಪಾಡಿಕೊಂಡು ಬಂದದ್ದು ಅಲ್ಲಿ, ನಿಂತಲ್ಲೇ ಹೋಯಿತು. ಸೀರೆಗಳು ಎಂದೋ ಹೋಗಿದ್ದವು. ಈಗ ಆ ಬೇಸಿಗೆಯ ಬಣ್ಣಗಳೂ ಹೋದವು. ಅವ್ವ ನೋಡುತ್ತಿದ್ದದ್ದು ಬಿಳಿಯದನ್ನೇ, ಕೊನೆಯತನಕ. ಆಯಿ ಒಳಗೆ ನಿಂತು ನೋಡಿದ್ದೂ ಅದನ್ನೇ. ಫಿನಾಯಿಲ್ ಬಕೆಟ್ಟಿನ ಮುಂದೆ ಅವಳ ಕೈ ಕಣ್ಣಿಗೆ ಕಟ್ಟಿತು.

ಕ್ಯಾನ್ವಾಸಿನ ಆಚೆಯಿಂದ ಆ ಹುಡುಗಿ ಕೂಗಿದಳು, "ಅಜ್ಜೀ, ನಮ್ಮ ಅವ್ವನ ಓಢಣಿ ಐತ್ರಿ ಅದು. ಒಳಗ ಹಳದಿ ಬಿದ್ದೈತೇನ್ರಿ?"

ನನ್ನ ಕೈಯನ್ನು ಮತ್ತೊಮ್ಮೆ ನೋಡಿಕೊಂಡೆ.

"ಬಿದ್ದೈತಿ ಮಗಳ," ಅಂದೆ. "ಕೈಯೆಲ್ಲಾ ಹಳದಿ ಆಗ್ಯಾವ."

ಹೇಳಲಿಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು. ಅವ್ವನಿಗೆ ಅಷ್ಟು ಹೊತ್ತು ಹಿಡಿದಿರಲಿಲ್ಲ.