ದೋಣಿಯವರಿಗೆ ಕೇಳಿದ ಸ್ವರ

ಕಡಲಲ್ಲಿ ಸತ್ತವರು ಕೂಗುತ್ತಾರೆ, ಬಂಡೆಯ ಹತ್ತಿರ ಯಾರೋ ಕರೆಯುತ್ತಾರೆ ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಬೆಳಕು ಹರಿಯುವ ಮೊದಲೇ ಮೀನಿನ ಬುಟ್ಟಿ ಹೊತ್ತು ಸುಡುಗಾಡಿನ ಬದಿಯಲ್ಲಿ ನಡೆದವಳು ನಾನು. ಒಂದು ಪಿಶಾಚಿಯೂ ಅಡ್ಡ ಬಂದು ಬಂಗುಡೆಗೆ ಎಷ್ಟು ಎಂದು ಕೇಳಲಿಲ್ಲ. ಈಗ ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಮಣಿಪಾಲದ ಗುಡ್ಡದಲ್ಲಿ ಒಂದೊಂದೇ ಕಟ್ಟಡ ಏಳುತ್ತಿದ್ದ ಕಾಲ ಅದು. ನಾನು ಮದುವೆಯಾಗಿ ಕಾಪುವಿಗೆ ಬಂದು ಹೆಚ್ಚು ವರ್ಷ ಆಗಿರಲಿಲ್ಲ. ನಮ್ಮ ಮಾವ ದಡದಲ್ಲಿ ಶಂಖ ಊದುವವರು. ದೋಣಿಗಳಿಗೆ ದಡದಿಂದ ಹೇಳುವುದೆಲ್ಲ ಶಂಖದಲ್ಲೇ. ಉದ್ದಕ್ಕೆ ಒಂದು ಸಲ ಊದಿದರೆ ‘ನೇರ ಬನ್ನಿ’. ಉದ್ದ ಊದಿ ಕೊನೆಗೆ ಎರಡು ಚಿಕ್ಕದು ಊದಿದರೆ ‘ಇಲ್ಲಿ ತೆರೆ ಕೆಟ್ಟದುಂಟು, ತೆಂಕಕ್ಕೆ ಸುತ್ತಿ ಬನ್ನಿ’. ಮೀನು ಎಲ್ಲುಂಟು ಎನ್ನುವುದಕ್ಕೆ ಬೇರೆ ಗುಟ್ಟು. ಬಾಯಿಬಿಟ್ಟು ಕೂಗಿದರೆ ಪಕ್ಕದ ಊರಿನವರು ಕೇಳಿ ಮೊದಲು ಬಲೆ ಹಾಕುತ್ತಾರೆ ಎಂದು ಈ ಏರ್ಪಾಡು. ಕಡಲಿನ ಕಡೆ ತಿರುಗಿ ಯಾರ ಹೆಸರನ್ನೂ ಕೂಗಬಾರದು ಎಂಬ ಕಟ್ಟು ಬೇರೆ. ಅದರಲ್ಲೂ ಹೆಂಡತಿ ಗಂಡನ ಹೆಸರು ಹೇಳುವುದುಂಟೇ? ಓಟಿನ ಪಟ್ಟಿಗೆ ಹೆಸರು ಬರೆಯಲು ಬಂದವರಿಗೆ ನಮ್ಮವರ ಹೆಸರನ್ನು ಪಕ್ಕದ ಮನೆಯ ಗಿರಿಜಕ್ಕನಿಂದ ಹೇಳಿಸಿದವಳು ನಾನು.

ಕೃಷ್ಣಾಷ್ಟಮಿ ಕಳೆದಿತ್ತು, ಮಳೆಗಾಲದ ಕಡಲು ಇನ್ನೂ ಪೂರ್ತಿ ತಗ್ಗಿರಲಿಲ್ಲ. ಆದರೂ ನಮ್ಮವರು ಇನ್ನೂ ಮೂವರ ಜೊತೆ ದೋಣಿ ಇಳಿಸಿಕೊಂಡು ಹೋದರು. ನನಗೆ ಆ ವಾರ ಶೀತವಾಗಿ ಗಂಟಲು ಪೂರ್ತಿ ಕಟ್ಟಿತ್ತು. ಹಿಂದಿನ ದಿನ ಕಲ್ಯಾಣಪುರದಲ್ಲಿ ಕೈಸನ್ನೆಯಲ್ಲೇ ಮೀನು ಮಾರಿದ್ದೆ. ಯಾವಾಗಲೂ ಕೊಳ್ಳುವ ಕ್ರಿಶ್ಚಿಯನ್ ಬಾಯಮ್ಮ ಒಬ್ಬರು, “ಎಂತ ಮಾರಾಯ್ತಿ, ನಿನ್ನ ಬಾಯಿಗೆ ಇವತ್ತು ರಜೆಯಾ? ದೇವರು ದೊಡ್ಡವನು” ಎಂದು ನಕ್ಕಿದ್ದರು.

ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು. ಕಡಲ ಕಡೆಯಿಂದ ನಮ್ಮ ಮುಖಕ್ಕೇ ಹೊಡೆಯುವ ಗಾಳಿ. ದೋಣಿ ದಡ ಹತ್ತಿಸುವ ಜಾಗದಲ್ಲಿ, ಬಂಡೆಯ ಬಳಿ, ತೆರೆ ಮಗುಚಿ ಬೀಳುತ್ತಿತ್ತು. ದೂರದಲ್ಲಿ ನಮ್ಮ ದೋಣಿ ಕಂಡಿತು. ಮಾವ ಶಂಖ ಊದಿದರು, ಉದ್ದ ಒಂದು, ಚಿಕ್ಕದು ಎರಡು. ದೋಣಿ ತಿರುಗಲಿಲ್ಲ. ಮತ್ತೆ ಊದಿದರು. ಬಂಡೆಯ ಕಡೆಗೇ ಬಂತು. ಆಗ ನನಗೆ ಅಂದಾಜಾಯಿತು. ಉದ್ದದ್ದು ಅವರಿಗೆ ಮುಟ್ಟುತ್ತಿತ್ತು, ಚಿಕ್ಕದ್ದನ್ನು ಗಾಳಿ ತಿನ್ನುತ್ತಿತ್ತು. ನಾವು ಬರಬೇಡಿ ಎಂದಷ್ಟೂ ಅವರು ಬನ್ನಿ ಎಂದು ತಿಳಿಯುತ್ತಿದ್ದರು.

ನಾನು ಮಾವನ ಕೈ ಹಿಡಿದು ಶಂಖ ಇಳಿಸಿದೆ. ಸೊಸೆ ಮಾವನ ಕೈ ಹಿಡಿಯುವುದು ನಮ್ಮಲ್ಲಿಲ್ಲ. ಸೊಂಟದವರೆಗೆ ನೀರಿಗಿಳಿದು ಕೂಗಿದೆ, “ಶೀನಾ, ಇಲ್ಲಿ ಬರಬೇಡಿ! ತೆಂಕಕ್ಕೆ ತಿರುಗಿಸಿ! ಶೀನಾ!” ಸ್ವರ ಎಂತದ್ದೂ ಬರಲಿಲ್ಲ, ಬರೀ ಉಸಿರು. ನನ್ನ ಸೆರಗು ಹಿಡಿದು ಹಿಂದೆ ನಿಂತಿದ್ದ ಗಿರಿಜಕ್ಕನಿಗೇ ಕೇಳಲಿಲ್ಲ.

ದೋಣಿ ತಿರುಗಿತು.

ತೆಂಕದ ಮರಳಿನಲ್ಲಿ ನಾಲ್ವರೂ ಜೀವಂತ ಇಳಿದರು. ನಾವು ಓಡಿದೆವು. ನಮ್ಮವರು ಒದ್ದೆ ಮೈಯಲ್ಲಿ ನಿಂತು ಮೊದಲು ಕೇಳಿದ್ದು, “ನಿನಗೆ ಧೈರ್ಯ ಎಷ್ಟು! ಊರಿಗೆಲ್ಲ ಕೇಳುವ ಹಾಗೆ ನನ್ನ ಹೆಸರು ಕೂಗುವುದಾ?”

“ಯಾವ ಊರಿಗೆ ಮಾರಾಯ?” ಎಂದಳು ಗಿರಿಜಕ್ಕ. “ಹಿಂದೆಯೇ ಇದ್ದ ನನಗೆ ಕೇಳಲಿಲ್ಲ.”

ನಾಲ್ವರಿಗೂ ಕೇಳಿತ್ತು. ದೋಣಿಯ ಮುಂದಿನ ಹಲಗೆಯಲ್ಲಿ ಕೂತು ಹೇಳಿದಷ್ಟು ಹತ್ತಿರದಿಂದ. ಗಂಟಲು ಕಟ್ಟಿದ ಸ್ವರವಲ್ಲವಂತೆ, ನಾನು ಮೀನು ಮಾರುವಾಗಿನ ಸ್ವರ. ಮಾತೂ ನಾನು ಆಡಿದ್ದೇ, ಒಂದೂ ಹೆಚ್ಚುಕಡಿಮೆ ಇಲ್ಲ.

ಮಾವ ನನಗೆ ಬೈಯಲಿಲ್ಲ. ಮರುದಿನ ದೋಣಿಯವರನ್ನೆಲ್ಲ ಕೂರಿಸಿ ಹೇಳಿದರು, “ಮೀನಿಗೆ ಶಂಖ ಇರಲಿ. ಜೀವದ ವಿಷಯ ಇನ್ನು ಬಾಯಲ್ಲೇ ಹೇಳುವ, ಹೆಸರು ಹಿಡಿದೇ ಹೇಳುವ. ಪಕ್ಕದ ಊರಿನವರು ಕೇಳಿದರೆ ಕೇಳಲಿ. ಅವರೂ ಬದುಕಲಿ.” ಉಡುಪಿಯಿಂದ ಬಾಯಿಗೆ ಹಿಡಿದು ಮಾತಾಡುವ ತಗಡಿನ ಕಹಳೆ ಮಾಡಿಸಿ ತಂದರು. ಅದನ್ನು ಹಿಡಿದು ನಾವು ಹೆಂಗಸರೂ ಕೂಗಿದೆವು. ಪಕ್ಕದ ಊರಿನ ದೋಣಿಯೂ ನಮ್ಮ ಮಾತು ಕೇಳಿ ಸುತ್ತಿ ಬಂದದ್ದುಂಟು.

ನನ್ನ ಗಂಟಲು ಬಿಟ್ಟ ಮೇಲೆ ನಾವೇ ಪರೀಕ್ಷೆ ಮಾಡಿದೆವು. ಗಾಳಿ ಇಲ್ಲದ ದಿನ, ಅದೇ ಜಾಗ, ದೋಣಿ ಅಷ್ಟೇ ದೂರ. ಕಹಳೆ ಇಲ್ಲದೆ, ಇದ್ದ ಸ್ವರವೆಲ್ಲ ಹಾಕಿ ಕೂಗಿದೆ. ಅವರಿಗೆ ಏನೂ ಕೇಳಲಿಲ್ಲ. ಕಾರ್ಕಳದಲ್ಲಿ ಮಾಸ್ಟ್ರಾಗಿದ್ದ ನನ್ನ ತಮ್ಮ, ಆ ದಿನ ಗಾಳಿ ಸುಳಿ ಸುತ್ತಿರಬೇಕು ಎಂದ. ಸುತ್ತಲಿ, ಕಟ್ಟಿದ ಗಂಟಲನ್ನು ಗಾಳಿ ಹೇಗೆ ಬಿಡಿಸಿತು ಎಂದು ಕೇಳಿದೆ. ಅವನು ಚಾ ಕುಡಿದು ಎದ್ದು ಹೋದ.

ನಮ್ಮವರು ಮುದುಕರಾಗಿ ಮನೆಯಲ್ಲೇ ತೀರಿಕೊಂಡರು, ಕಡಲಲ್ಲಲ್ಲ. ಕೊನೆಗೆ ಕಿವಿ ಪೂರ್ತಿ ಹೋಗಿತ್ತು. ಗಂಜಿಗೆ ಬನ್ನಿ ಎಂದು ಎಷ್ಟು ಕಿರುಚಿದರೂ ಕೇಳುತ್ತಿರಲಿಲ್ಲ. ಹಿಂದೆ ನಿಂತು ಮೆಲ್ಲಗೆ ‘ಶೀನಾ’ ಎಂದರೆ ಮಾತ್ರ ತಿರುಗುತ್ತಿದ್ದರು. ಅದು ಹೇಗೆ ಎಂದು ನನ್ನನ್ನು ಕೇಳಬೇಡಿ.