ಬಸ್ಕಿ ಬಿಡಿಸಿದ ಆಯಿ

ಕುಕ್ಕರುಗಾಲಿನಲ್ಲಿ ಕೂತರೆ ಅವರ ಎರಡೂ ಹಿಮ್ಮಡಿ ನೆಲಕ್ಕೆ ಅಂಟಿಕೊಂಡಿರುತ್ತಿದ್ದವು. ಕಾಲ್ಬೆರಳುಗಳು ಒಂದಕ್ಕೊಂದು ತಾಕದಂತೆ ಅಗಲಕ್ಕೆ ಹರಡಿರುತ್ತಿದ್ದವು. ಹಾಗೇ ಮುಕ್ಕಾಲು ತಾಸು ಕೂತು ಉಳ್ಳಾಗಡ್ಡಿ ಹೆಚ್ಚಿ, ಆಮೇಲೆ ಬೇಳೆಯ ಬೋಗುಣಿಯನ್ನು ಎದೆಗವಚಿಕೊಂಡು, ಮೊಣಕಾಲಿಗೆ ಕೈ ಊರದೆ, ಗೋಡೆ ಹಿಡಿಯದೆ, ‘ಯಪ್ಪಾ’ ಎನ್ನದೆ ಎದ್ದು ನಿಲ್ಲುತ್ತಿದ್ದರು. ಅರವತ್ತರ ಹತ್ತಿರ ಬಂದ ಹೆಂಗಸು. ನಾನು ಮೂವತ್ತೊಂಬತ್ತರ ದೈಹಿಕ ಶಿಕ್ಷಕ. ಕೊರಳಲ್ಲಿ ಸೀಟಿ, ಮೈಮೇಲೆ ಟ್ರ್ಯಾಕ್ ಸೂಟು, ಕೂತರೆ ಏಳಲಾರೆ, ಎದ್ದರೆ ಕೂರಲಾರೆ. ಅವರನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ.

ಬಬಲೇಶ್ವರದ ಹತ್ತಿರವಿರುವ ನಮ್ಮ ಪ್ರೌಢಶಾಲೆಯಲ್ಲಿ ಅವರು ಬಿಸಿಯೂಟದ ಅಡುಗೆಯವರು. ಊರು ಜೈನಾಪುರ. ಮಕ್ಕಳು ‘ಆಯಿ’ ಎನ್ನುತ್ತಿದ್ದರು, ಮಕ್ಕಳ ಬಾಯಿಂದ ಅದು ನಮ್ಮೆಲ್ಲರ ಬಾಯಿಗೂ ಬಂತು. ಶಾಲೆಗೆ ಸೇರುವ ಮೊದಲು ಹದಿನೈದು ವರ್ಷ ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡಿದ್ದರಂತೆ. ಮಾತು ಕಡಿಮೆ, ಆಡಿದರೆ ಎದುರಿನವನಿಗೆ ತಾಕುವಂತೆಯೇ ಆಡುತ್ತಿದ್ದರು. ಮುಖ್ಯೋಪಾಧ್ಯಾಯರು ಸಾರಿಗೆ ಉಪ್ಪು ಹೆಚ್ಚಾಯಿತೆಂದರೆ, ನಿಮಗೆ ಬೀಪಿ ಐತಿ ಅಂತ ನೂರು ಮಕ್ಕಳು ಸಪ್ಪನ್ನ ಉಣ್ಣಬೇಕೇನು ಎಂದು ಕೇಳಿದ್ದನ್ನು ನಾನೇ ಕೇಳಿದ್ದೇನೆ.

ನನ್ನ ಮೊಣಕಾಲಿನ ಕಥೆ ಹೇಳದೆ ಅವರ ಕಥೆ ಮುಂದೆ ಹೋಗುವುದಿಲ್ಲ. ತಿಕೋಟಾದಲ್ಲಿ ನಡೆದ ಶಾಲೆಗಳ ಕ್ರೀಡಾಕೂಟದಲ್ಲಿ, ಶಿಕ್ಷಕರ ಕಬಡ್ಡಿ ಪಂದ್ಯ ಎಂದು ಹುರುಪಿಗೆ ಬಿದ್ದು ಇಳಿದೆ. ಎರಡನೆಯ ದಾಳಿಯಲ್ಲೇ ಕಾಲು ತಿರುಚಿತು. ವಿಜಯಪುರದಲ್ಲಿ ಆಪರೇಷನ್ ಆಯಿತು. ಆರು ತಿಂಗಳ ಮೇಲೆ ಡಾಕ್ಟರರು ಮೊಣಕಾಲು ಪೂರ್ತಿ ವಾಸಿಯಾಗಿದೆ, ಇನ್ನು ಧೈರ್ಯವಾಗಿ ಮಡಿಸಿ ಎಂದರು. ನಾನು ಮಡಿಸಲು ಹೋದರೆ ಅದು ಅರ್ಧಕ್ಕೇ ನಿಲ್ಲುತ್ತಿತ್ತು. ಅವರು ಕೊಟ್ಟ ವ್ಯಾಯಾಮದ ಹಾಳೆಯನ್ನು ಗೋಡೆಗೆ ಅಂಟಿಸಿ, ದಿನಕ್ಕೆ ಮೂರು ಸಲ, ಸಲಕ್ಕೆ ಹದಿನೈದು ಎಂದು ಲೆಕ್ಕ ತಪ್ಪದೆ ಮಾಡಿದೆ. ಗೋಳಗುಮ್ಮಟದ ಕಡೆ ಹೊಸದಾಗಿ ತೆರೆದಿದ್ದ ಫಿಟ್ನೆಸ್ ಸೆಂಟರಿಗೂ ಹೋದೆ. ಅಲ್ಲಿ ನಾಲ್ಕು ಗೋಡೆಗೂ ಕನ್ನಡಿ. ನಾಲ್ಕು ಕಡೆಯಿಂದಲೂ ನನ್ನ ಕುಂಟುಗಾಲನ್ನೇ ನೋಡಿ ಒಂದು ತಿಂಗಳಿಗೆ ಬಿಟ್ಟೆ.

ಶಾಲೆಯಲ್ಲಿ ಇದಕ್ಕಾಗಿ ಯಾರೂ ಕಾಯುತ್ತ ಕೂತಿರಲಿಲ್ಲ. ಆಟದ ಪಿರಿಯಡ್ಡುಗಳನ್ನು ಗಣಿತದವರು ಒಂದೊಂದಾಗಿ ನುಂಗತೊಡಗಿದ್ದರು. ಮುಖ್ಯೋಪಾಧ್ಯಾಯರು ಒಂದು ದಿನ ಕರೆದು, ಬೇಸಿಗೆ ರಜೆ ಮುಗಿಯುವುದರೊಳಗೆ ಕಾಲು ಸರಿಹೋಗದಿದ್ದರೆ ನೀವು ಆಫೀಸಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳಿ, ಮೈದಾನಕ್ಕೆ ಬೇರೆ ವ್ಯವಸ್ಥೆ ಮಾಡುತ್ತೇನೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ಮೈದಾನ ಬಿಟ್ಟರೆ ಬೇರೆ ಏನೂ ಬರುತ್ತಿರಲಿಲ್ಲ, ಅದಿಲ್ಲದೆ ನಾನು ಯಾರು ಎಂಬುದೂ ಗೊತ್ತಿರಲಿಲ್ಲ.

ಅವತ್ತೇ ಮಧ್ಯಾಹ್ನ ಅಡುಗೆ ಕೋಣೆಯ ಹಿಂದೆ ಯಾರೂ ನೋಡುವುದಿಲ್ಲ ಎಂದುಕೊಂಡು ಕಿಟಕಿಯ ಸರಳು ಹಿಡಿದು ಬಗ್ಗುವ ಅಭ್ಯಾಸ ಮಾಡುತ್ತಿದ್ದೆ. ಆಯಿ ಒಳಗಿನಿಂದ ಎಷ್ಟು ಹೊತ್ತು ನೋಡಿದರೋ, ಕೊನೆಗೆ ಹೊರಗೆ ಬಂದು ಅಂದರು:

“ಮಾಸ್ತರ, ನಿಮ್ಮ ಮೊಣಕಾಲ ಚಲೋ ಐತ್ರಿ. ಅಂಜಿಕಿ ಬಂದು ಸೊಂಟದಾಗ ಕುಂತೈತಿ.”

ನನಗೆ ಸಿಟ್ಟು ಬಂತು. ಎರಡು ವರ್ಷ ಓದಿ, ಎಲುಬಿನ ಹೆಸರು, ಸ್ನಾಯುವಿನ ಹೆಸರು ಬಾಯಿಪಾಠ ಮಾಡಿದವನು ನಾನು. ಹಾಗಾದರೆ ಏನು ಮಾಡಬೇಕು ಹೇಳಿ ಎಂದು ಸವಾಲಿನ ದನಿಯಲ್ಲೇ ಕೇಳಿದೆ. ಅವರು ಒಂದು ಬುಟ್ಟಿ ಬಳ್ಳೊಳ್ಳಿ ತಂದಿಟ್ಟರು. ಒಳಗೆ ಗೋಡೆಗೆ ಹೊಂದಿಸಿ ನಾಲ್ಕು ಅಕ್ಕಿ ಚೀಲಗಳನ್ನು ಒಂದರ ಮೇಲೊಂದು ಅಡ್ಡಡ್ಡ ಮಲಗಿಸಿದ್ದರು. ಅದರ ಮೇಲೆ ಕೂತು ಸುಲಿದುಕೊಡಿ ಎಂದರು. ದಿನಾ ಊಟದ ಗಂಟೆಗೆ ಮೊದಲು ಬಂದು ಇಷ್ಟು ಸುಲಿಯಬೇಕು, ಅಷ್ಟೇ.

ಇದು ಔಷಧವೋ ಬಿಟ್ಟಿ ಚಾಕರಿಯೋ ನನಗೆ ತಿಳಿಯಲಿಲ್ಲ. ಆದರೂ ಹೋದೆ. ಮೊದಲ ವಾರ ಪೂರ್ತಿ ಕಿರಿಕಿರಿ. ಎಷ್ಟು ನಿಮಿಷ ಕೂರಬೇಕು, ಎಷ್ಟು ಸಲ ಏಳಬೇಕು, ಉಸಿರು ಯಾವಾಗ ಬಿಡಬೇಕು ಎಂದು ಕೇಳಿ ಕೇಳಿ ಅವರ ತಲೆ ತಿಂದೆ. ಅವರು ಮಾತ್ರ ಸಿಪ್ಪೆ ಕೆಳಗೆ ಬಿದ್ದರೆ ಆಯ್ದು ಬುಟ್ಟಿಗೆ ಹಾಕಿ ಎನ್ನುತ್ತಿದ್ದರು. ಆ ಬದಿಯ ಮೆಣಸಿನಕಾಯಿ ಕೊಡಿ, ಈ ಬದಿಯ ಕೊತ್ತಂಬರಿ ಸರಿಸಿ ಎನ್ನುತ್ತಿದ್ದರು. ನಾನು ಗೊಣಗುತ್ತ ಬಗ್ಗುತ್ತಿದ್ದೆ, ತಿರುಗುತ್ತಿದ್ದೆ. ಒಮ್ಮೆ ತಾಳ್ಮೆ ತಪ್ಪಿ, ಲೆಕ್ಕವಿಲ್ಲದ ವ್ಯಾಯಾಮ ವ್ಯಾಯಾಮವೇ ಅಲ್ಲ ಎಂದುಬಿಟ್ಟೆ.

“ಎಣಿಸಬೇಕಂದ್ರ ಬಳ್ಳೊಳ್ಳಿ ಎಣಿಸ್ರಿ, ಕಾಲ ಎಣಿಸಬ್ಯಾಡ್ರಿ,” ಎಂದರು. “ಕಾಲಿಗೆ ಎಲ್ಲಿ ಹೋಗಬೇಕು ಗೊತ್ತೈತಿ. ನೀವು ಅದರ ಹಿಂದ ಬಡಿಗಿ ಹಿಡಕೊಂಡು ನಿಂತೀರಿ.”

ನಾಲ್ಕು ಚೀಲ ಮೂರಾದದ್ದು ನನ್ನ ಗಮನಕ್ಕೆ ಬರಲಿಲ್ಲ. ಮೂರು ಎರಡಾದದ್ದೂ ಬರಲಿಲ್ಲ. ಮಕ್ಕಳು ಉಂಡಂತೆಲ್ಲ ನನ್ನ ಆಸನ ತಗ್ಗಾಗುತ್ತ ಬಂದಿತ್ತು. ಒಂದೇ ಚೀಲ ಉಳಿದ ದಿನ ಕೂತ ಮೇಲೆ ಹೊಳೆಯಿತು. ನನ್ನ ಮೊಣಕಾಲು ಎದೆಯ ಮಟ್ಟಕ್ಕೆ ಬಂದಿದೆ, ನಾನು ನೋವಿಲ್ಲದೆ ಬಳ್ಳೊಳ್ಳಿ ಸುಲಿಯುತ್ತಿದ್ದೇನೆ. ಬೇಕೆಂದೇ ಹೀಗೆ ಮಾಡಿದಿರಾ ಎಂದು ಕೇಳಿದೆ. ಮಕ್ಕಳು ಉಂಡರೆ ನಾನೇನು ಮಾಡಲಿ ಎಂದು ಆಯಿ ಒಲೆಯ ಕಡೆ ತಿರುಗಿದರು. ಇವತ್ತಿಗೂ ನನಗೆ ಅದರ ನಿಜ ಗೊತ್ತಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಚೀಲದಿಂದ ನೆಲಕ್ಕೆ ಬರುವುದು ಒಂದು ಗೇಣಿನ ಕೆಲಸ, ಆ ಒಂದು ಗೇಣು ಇಳಿಯಲು ತಿಂಗಳು ಕಳೆದರೂ ಆಗಲಿಲ್ಲ. ಇಳಿಯಲು ಹೊರಟರೆ ಮೈಯೆಲ್ಲ ಸೆಟೆದುಕೊಳ್ಳುತ್ತಿತ್ತು. ರಜೆ ಹತ್ತಿರ ಬರುತ್ತಿತ್ತು. ನನ್ನ ಮೇಲಿನ ಸಿಟ್ಟನ್ನು ನಾನು ಮಕ್ಕಳ ಮೇಲೆ ತೀರಿಸಿಕೊಳ್ಳುತ್ತಿದ್ದೆ ಎಂದು ಈಗ ಅನಿಸುತ್ತದೆ. ಒಂದು ಬೆಳಿಗ್ಗೆ ಒಂಬತ್ತನೆಯ ತರಗತಿಯವರು ಸಾಲಾಗಿ ನಿಲ್ಲದೆ ಗದ್ದಲ ಮಾಡಿದರೆಂದು ಇಡೀ ತರಗತಿಗೆ ಐವತ್ತು ಬಸ್ಕಿ ಹಾಕಿಸಿದೆ. ಕಿವಿ ಹಿಡಿದು ಕೂತೇಳುವುದು, ನಾನು ಸೀಟಿ ಊದಿ ಎಣಿಸುವುದು. ನಮ್ಮ ಕಡೆಯ ಪೀಟಿ ಮಾಸ್ತರರಿಗೆ ಇದು ಉಸಿರಾಡಿದಷ್ಟೇ ಸಲೀಸು. ಆಯಿ ಕೈಯಲ್ಲಿ ಸೌಟು ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಮಧ್ಯಾಹ್ನ ನಾನು ಹೋದಾಗ ಬುಟ್ಟಿ ಇರಲಿಲ್ಲ. ಸಾರು ಕುದಿಯುತ್ತಿತ್ತು. ಅವರು ನನ್ನ ಮುಖ ನೋಡದೆ ಕೇಳಿದರು:

“ಕುಂದ್ರೂಮುಂದ ನೀವು ಯಾರಿಗೋ ತಪ್ಪಾತು ಅಂದಂಗ ಮಾರಿ ಮಾಡತೀರಿ. ಇವತ್ತ ಆ ಹುಡುಗೋರ ಮಾರಿ ನೋಡಿದೆ, ಥೇಟ ಹಂಗ ಇತ್ತು. ನಿಮಗ ಯಾರು ಹಾಕಿಸಿದ್ರು ಬಸ್ಕಿ?”

ನಮ್ಮೂರು ಕನಮಡಿಯ ಶಾಲೆಯಲ್ಲಿ ನಾನು ಐದನೆಯ ತರಗತಿಯಲ್ಲಿದ್ದಾಗ ಒಬ್ಬ ಮಾಸ್ತರರಿದ್ದರು. ತಡವಾಗಿ ಬಂದದ್ದಕ್ಕೆ ನೂರು ಬಸ್ಕಿ. ಎಂಬತ್ತು ದಾಟಿದ ಮೇಲೆ ನಾನು ಬಿದ್ದು, ಚಡ್ಡಿ ಒದ್ದೆಯಾಗಿ, ಇಡೀ ತರಗತಿ ನಕ್ಕಿತ್ತು. ಹೆಂಡತಿಗೂ ಹೇಳಿರದ ಇದನ್ನು ಅವತ್ತು ಬಿಸಿಯೂಟದ ಕೋಣೆಯಲ್ಲಿ ಹೇಳಿದೆ. ಆಯಿ ಅಯ್ಯೋ ಪಾಪ ಎನ್ನಲಿಲ್ಲ. ಸೌಟನ್ನು ಬೋಗುಣಿಯ ಅಂಚಿಗೆ ತಟ್ಟಿ ಇಟ್ಟರು.

“ಶಿಕ್ಷಾ ಅಂತ ಕಲಿಸಿದ್ದನ್ನ ಮೈ ಹೆಂಗ ಪ್ರೀತಿ ಮಾಡೀತ್ರಿ, ಮಾಸ್ತರ? ನೆಲದ ಮ್ಯಾಲ ಕುಂದ್ರೂದು ಅಂದ್ರ ದಣಿವು ಆರಿಸಿಕೊಳ್ಳೂದು. ನೀವು ಅದನ್ನ ಅಪಮಾನ ಮಾಡಿ ಇಟ್ಟೀರಿ. ನಿಮ್ಮವರು ನಿಮಗ ಮಾಡಿದ್ರು, ನೀವು ಇವರಿಗೆ ಮಾಡಾಕತ್ತೀರಿ.”

ಅವತ್ತಿಗೆ ಬಸ್ಕಿ ಹಾಕಿಸುವುದು ಬಿಟ್ಟೆ. ಮರುವಾರ ಒಂಬತ್ತನೆಯವರನ್ನು ಬೇವಿನ ಮರದ ಕೆಳಗೆ ಕುಕ್ಕರುಗಾಲಿನಲ್ಲಿ ಕೂರಿಸಿ, ಆಯಿಯ ತೊಗರಿ ಬೇಳೆಯಿಂದ ಕಲ್ಲು ಆರಿಸಲು ಹಚ್ಚಿದೆ. ಹರಟೆ, ನಗು, ಗದ್ದಲ. ಒಬ್ಬ ಹುಡುಗಿ ನೀವೂ ಬರ್ರಿ ಸರ್ ಎಂದು ಜಾಗ ಬಿಟ್ಟಳು. ಬೇಳೆ ನೋಡುತ್ತ ಕೂತೆ. ಕೂತ ಮೇಲೆ ನೆಲ ಸಿಕ್ಕಿದೆ ಎಂದು ತಿಳಿಯಿತು. ಜೂನ್ ತಿಂಗಳಲ್ಲಿ ಮೈದಾನ ನನ್ನ ಕೈಯಲ್ಲೇ ಉಳಿಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ನೆಮ್ಮದಿಯ ಕಥೆಯಾಗುತ್ತಿತ್ತು. ನಾನು ನಿಲ್ಲಲಿಲ್ಲ. ವಿಜಯಪುರದಲ್ಲಿ ನಡೆದ ದೈಹಿಕ ಶಿಕ್ಷಕರ ತರಬೇತಿಯಲ್ಲಿ, ಮನಸ್ಸು ಮತ್ತು ದೇಹದ ಹೊಂದಾಣಿಕೆ, ಸಹಜ ಚಲನೆ ಎಂದು ಒಂದು ತಾಸು ಭಾಷಣ ಮಾಡಿದೆ. ಅಂಜಿಕೆ ಸೊಂಟದಲ್ಲಿ ಕೂರುವ ಮಾತನ್ನೂ ಹೇಳಿದೆ, ಶಿಕ್ಷೆಯಾಗಿ ಕಲಿಸಿದ್ದರ ಮಾತನ್ನೂ ಹೇಳಿದೆ. ಯಾರು ಹೇಳಿದ್ದು ಎಂದು ಮಾತ್ರ ಹೇಳಲಿಲ್ಲ. ಒಂದು ಕಡೆ ‘ಒಬ್ಬ ಗ್ರಾಮೀಣ ಮಹಿಳೆ’ ಎಂದೆ, ಅಷ್ಟೇ. ಕೊನೆಯಲ್ಲಿ ಒಬ್ಬರು ಎದ್ದು, ದಿನಕ್ಕೆ ಎಷ್ಟು ಸೆಟ್ಟು ಮಾಡಿಸಬೇಕು ಸರ್ ಎಂದು ಕೇಳಿದರು. ಅವರಿಗೆ ಬೈಯಬೇಕೆನಿಸಿತು. ಅಷ್ಟರಲ್ಲಿ ಶಾಲು ಹೊದಿಸಿದರು, ಕೈ ಮುಗಿದೆ.

ಅಲ್ಲಿ ಕೊಟ್ಟ ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರು ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರಿಗೂ ತೋರಿಸಿದರು. ಆಯಿ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಅವರಿಗೆ ನಿಜವಾಗಿಯೂ ಹೆಮ್ಮೆಯಾಗಿತ್ತು. ಆಮೇಲಿನಿಂದ ಜೈನಾಪುರದ ಯಾರಿಗೆ ಸೊಂಟ ಹಿಡಿದರೂ, ಕುತ್ತಿಗೆ ಉಳುಕಿದರೂ, ನಮ್ಮ ಮಾಸ್ತರರಿಗೆ ಮೈಯ ವಿದ್ಯೆ ಪೂರಾ ಗೊತ್ತಿದೆ ಎಂದು ನನ್ನ ಹತ್ತಿರ ಕಳಿಸತೊಡಗಿದರು. ನಾನು ಬೇಡ ಎನ್ನಲಿಲ್ಲ. ಹೇಳಿಸಿಕೊಳ್ಳಲು ಹಿತವಾಗಿಯೇ ಇತ್ತು.

ಕಳೆದ ವರ್ಷ ನವೆಂಬರ್ ತಿಂಗಳ ಒಂದು ಗುರುವಾರ, ನಾನು ಚಹಾಕ್ಕೆಂದು ಒಳಗೆ ಹೋದಾಗ ಅವರು ಒಲೆಯ ಮುಂದೆ ನಿಂತಿದ್ದರು. ಹಣೆ ಬೆವೆತಿತ್ತು. ಒಲೆಯ ಝಳ ಅಂದುಕೊಂಡೆ.

“ಮಾಸ್ತರ, ನಾಕ ದಿನಾತು, ಈ ಎಡಗೈ ಜಡ ಆಗೈತ್ರಿ. ಸಾರ ತಿರುವೂಮುಂದ ಎದಿ ಮ್ಯಾಲ ಕಲ್ಲ ಇಟ್ಟಂಗ ಆಕ್ಕೈತಿ. ಏನಾಗಿರಬೇಕ್ರಿ?”

ಪ್ರಥಮ ಚಿಕಿತ್ಸೆಯ ಪಾಠ ಮಾಡುವವನು ನಾನು. ಎಡಗೈ ಭಾರ, ಎದೆ ಒತ್ತಿದಂತಾಗುವುದು, ಬೆವರು ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸುವವನು. ಮೈ ಹೇಳುವುದನ್ನು ಕೇಳಬೇಕು ಎಂದು ಸಭೆಯಲ್ಲಿ ಭಾಷಣ ಮಾಡಿ ಬಂದವನು. ಆದರೆ ನನ್ನ ಕಣ್ಣಿಗೆ ಕಂಡದ್ದು ಆ ಹೊತ್ತಿನ ಆಯಿ ಅಲ್ಲ, ನಾನು ಭಾಷಣದಲ್ಲಿ ಕಟ್ಟಿ ನಿಲ್ಲಿಸಿದ್ದ ಆಯಿ.

“ನಿಮಗೇನಾಗತೈತಿ ಆಯಿ,” ಎಂದು ನಕ್ಕೆ. “ನಿಮ್ಮಂಥಾ ಗಟ್ಟಿ ಮೈ ಈ ತಾಲೂಕಿನ್ಯಾಗ ಇಲ್ರಿ. ಕೈ ಬೀಸಿ ಅಡ್ಯಾಡ್ರಿ, ಬಿಡತೈತಿ.”

ಅವರೂ ನಕ್ಕರು. ಚಹಾ ಸೋಸಿ ಕೊಟ್ಟರು. ಶನಿವಾರ ಬೆಳಗಿನ ಶಾಲೆಗೆ ನಾನು ಬಸ್ಸಿಳಿಯುವ ಹೊತ್ತಿಗೆ ಮಕ್ಕಳು ಒಳಗೆ ಹೋಗದೆ ಗೇಟಿನಲ್ಲೇ ನಿಂತಿದ್ದರು. ಆಯಿ ಬೆಳಗಿನ ಜಾವ ತೀರಿಕೊಂಡಿದ್ದರು. ಹೃದಯಾಘಾತ.

ಮಣ್ಣಿಗೆ ಹೋಗಿ ಬಂದೆ. ಹತ್ತು ದಿನ ಬಿಟ್ಟು ಮತ್ತೆ ಜೈನಾಪುರಕ್ಕೆ ಹೋದೆ. ಸೊಸೆ ನೀರು ಕೊಟ್ಟು, ಬಾಗಿಲ ಪಕ್ಕ ಕೂತು, ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು:

“ದವಾಖಾನಿಗೆ ಹೋಗೂಣು ಬರ್ರಿ ಅಂತ ನಾ ಎರಡ ಸಲ ಅಂದೇನ್ರಿ, ಸರ. ಒಲ್ಲೆ ಅಂದ್ರು. ಮಾಸ್ತರನ್ನ ಕೇಳೇನಿ, ಅವರಿಗೆ ಮೈಯಿಂದು ಎಲ್ಲಾ ಗೊತ್ತೈತಿ, ಏನೂ ಆಗಿಲ್ಲ ಅಂದಾರ ಅಂತ ಹೇಳಿ ಮಕ್ಕೊಂಡ್ರು.”

ಅವಳು ದೂರುತ್ತಿರಲಿಲ್ಲ. ಅತ್ತೆ ನನ್ನನ್ನು ಎಷ್ಟು ನಂಬಿದ್ದರು ಎಂದು ತಿಳಿಸಿ ನನಗೆ ಸಮಾಧಾನ ಹೇಳುತ್ತಿದ್ದಳು. ನಾನು ತಲೆಯಾಡಿಸಿದೆ. ನಾನು ಹೇಳಿದ್ದು ತಪ್ಪು, ಗೊತ್ತಿದ್ದೂ ನೋಡದೆ ಹೇಳಿದ್ದು ಎಂದು ಅವಳಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಆ ಮನೆಯಲ್ಲಿ ಇವತ್ತಿಗೂ ನನಗೆ ಮರ್ಯಾದೆ ಇದೆ. ಹೋದರೆ ಕಂಬಳಿ ಹಾಸಿ ಕೂರಿಸುತ್ತಾರೆ. ಮೊಮ್ಮಕ್ಕಳ ಕೈ ನೋವು, ಮಗನ ಬೆನ್ನು ನೋವು, ಏನಿದ್ದರೂ ಮೊದಲು ನನ್ನನ್ನೇ ಕೇಳುತ್ತಾರೆ. ನಾನು ಏನೂ ಹೇಳುವುದಿಲ್ಲ. ಎಬ್ಬಿಸಿ, ನನ್ನ ಗಾಡಿಯ ಹಿಂದೆ ಕೂರಿಸಿಕೊಂಡು ದವಾಖಾನೆಗೆ ಕರೆದುಕೊಂಡು ಹೋಗುತ್ತೇನೆ. ಬರೀ ನೆಗಡಿಯಾಗಿದ್ದರೂ.